ಬಣ್ಣ ಕೊನೆಗೆ ನೋಡಿ: ಹೊಲಿಗೆ ಬಟ್ಟೆ ಕೊಳ್ಳಲು ನಾನು ಕಲಿತದ್ದು

ಮೈಸೂರಿನಲ್ಲಿ ಬಟ್ಟೆಗೆ ಬರವಿಲ್ಲ. ಸಯ್ಯಾಜಿರಾವ್ ರಸ್ತೆ, ದೇವರಾಜ ಅರಸು ರಸ್ತೆ, ಅದರ ಪಕ್ಕದ ಶಿವರಾಂಪೇಟೆ, ಆ ಕಡೆ ಅಶೋಕ ರಸ್ತೆ, ಎಲ್ಲಿ ಹೋದರೂ ಒಂದಲ್ಲ ಒಂದು ಬಟ್ಟೆ ಅಂಗಡಿ. ತಾಪತ್ರಯ ಏನೆಂದರೆ, ಅಲ್ಲಿ ತಾನುಗಳನ್ನು, ಅಂದರೆ ಬಟ್ಟೆಯ ಸುರುಳಿಗಳನ್ನು, ಜೋಡಿಸಿರುವುದು ಬಣ್ಣ ನೋಡಿ, ಇಲ್ಲವೇ ರೇಟು ನೋಡಿ. ಹೊಲಿಯುವವರಿಗೆ ಬೇಕಾದದ್ದು ಬೇರೆ. ಕತ್ತರಿ ಹಾಕುವಾಗ ಜಾರುತ್ತದಾ, ಒಗೆದರೆ ಎಷ್ಟು ಕುಗ್ಗುತ್ತದೆ, ಅಗಲ ಎಷ್ಟು? ಇದ್ಯಾವುದೂ ತಾನಿನ ಮೇಲೆ ಬರೆದಿರುವುದಿಲ್ಲ. ಅದಕ್ಕೇ ನಾನು ಬಣ್ಣ ಕೊನೆಗೆ ನೋಡುವ ಅಭ್ಯಾಸ ಮಾಡಿಕೊಂಡೆ.

ನನ್ನ ಹತ್ತಿರ ಇರುವುದು ಅತ್ತೆ ಬಳಸುತ್ತಿದ್ದ, ಕಾಲಿನಲ್ಲಿ ತುಳಿಯುವ ಹಳೇ ಮಷಿನ್. ಕುರ್ತಿ ಕಟಿಂಗ್ ಹೇಳಿಕೊಟ್ಟದ್ದು ನಮ್ಮ ಬೀದಿಯ ಟೈಲರ್ ಅಕ್ಕ. ಬಟ್ಟೆ ಕೊಳ್ಳುವುದನ್ನು ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ, ಅಲ್ವಾ? ಅದನ್ನು ಕೌಂಟರಿನ ಮುಂದೆ ನಿಂತೇ ಕಲಿಯಬೇಕು.

ಲೆಕ್ಕ ಮಾತ್ರ ಮನೆಯಲ್ಲೇ ಮುಗಿಸಿಕೊಂಡು ಹೋಗುತ್ತೇನೆ. "ಕುರ್ತಿಗೆ ಎಷ್ಟು ಬೇಕಾಗುತ್ತೆ?" ಎಂದು ಅಂಗಡಿಯಲ್ಲಿ ಕೇಳಿದರೆ "ಎರಡೂವರೆ ಮೀಟರ್ ತಗೊಳ್ಳಿ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಅಗಲ ಗೊತ್ತಿಲ್ಲದೆ ಆ ಮಾತಿಗೆ ಅರ್ಥವಿಲ್ಲ. ನನ್ನದೇ ಅಳತೆ ಹೇಳುತ್ತೇನೆ. ನೇರ ಕುರ್ತಿ, ಉದ್ದ 42 ಇಂಚು. ಭುಜದ ಹೊಲಿಗೆಗೂ ಕೆಳಗಿನ ಮಡಿಕೆಗೂ ಸೇರಿಸಿದರೆ 45. ಸೊಂಟದ ಕೆಳಗಿನ ಸುತ್ತಳತೆಗೆ ಸಡಿಲ, ಹೊಲಿಗೆ ಎಲ್ಲ ಸೇರಿ ಮುಂಭಾಗಕ್ಕೆ 24 ಇಂಚು ಅಗಲ, ಹಿಂಭಾಗಕ್ಕೂ ಅಷ್ಟೇ. ತೋಳು 16 ಇಂಚು ಅಗಲ, 20 ಉದ್ದ.

ಈಗ ಬಟ್ಟೆಯ ಅಗಲ ನೋಡಿ. 44 ಇಂಚಿನದಾದರೆ ಒಂದು ಸಾಲಿನಲ್ಲಿ ಒಂದೇ ಭಾಗ ಕೂರುತ್ತದೆ. ಪಕ್ಕದಲ್ಲಿ 20 ಇಂಚು ಉಳಿಯುತ್ತದೆ, ತೋಳು ಅದರಲ್ಲೇ ಬಂದುಬಿಡುತ್ತದೆ. ಅಂದರೆ 45 ಮತ್ತು 45, ಒಟ್ಟು 90 ಇಂಚು, ಸುಮಾರು 2.3 ಮೀಟರ್. ಕುಗ್ಗುವುದಕ್ಕೆ ಒಂದಿಷ್ಟು ಬಿಟ್ಟರೆ ಎರಡೂವರೆ ಸರಿ. 36 ಇಂಚಿನದಾದರೆ ಪಕ್ಕದಲ್ಲಿ ಉಳಿಯುವುದು ಬರೀ 12. ಅದರಲ್ಲಿ ತೋಳು ಬರುವುದಿಲ್ಲ. ತೋಳಿಗೆ ಅಂತಲೇ ಇನ್ನೂ 20 ಇಂಚು ಉದ್ದ ಬೇಕು, ಹಾಗಾಗಿ ಹತ್ತಿರ ಹತ್ತಿರ 3 ಮೀಟರ್. 58 ಇಂಚಿನ ಬಟ್ಟೆಯಲ್ಲಿ ಮುಂಭಾಗ, ಹಿಂಭಾಗ ಎರಡೂ ಪಕ್ಕಪಕ್ಕ ಕೂರುತ್ತವೆ. 45ಕ್ಕೆ ತೋಳಿನ 20 ಸೇರಿಸಿದರೆ 65 ಇಂಚು. ಒಂದು ಮುಕ್ಕಾಲು, ಹೆಚ್ಚೆಂದರೆ 1.8 ಮೀಟರ್ ಸಾಕು. ಮೀಟರಿಗೆ 150 ರೂಪಾಯಿಯ 36 ಇಂಚಿನ ಬಟ್ಟೆಗಿಂತ 220 ರೂಪಾಯಿಯ 58 ಇಂಚಿನದು ಅಗ್ಗ ಬೀಳುತ್ತದೆ ಎಂದು ನನಗೆ ಹೊಳೆದದ್ದು ಈ ಲೆಕ್ಕ ಹಾಕಿದಾಗಲೇ. ಈ ಮೂರೂ ಅಗಲಕ್ಕೆ ಎಷ್ಟೆಷ್ಟು ಬೇಕು ಎಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಹೂವು, ಆನೆ, ಮಾವಿನಕಾಯಿ ಎಲ್ಲ ಒಂದೇ ದಿಕ್ಕಿಗೆ ಮುಖ ಮಾಡಿರುವ ಪ್ರಿಂಟ್ ಆದರೆ ತುಂಡುಗಳನ್ನು ತಲೆಕೆಳಗು ಮಾಡಿ ಹೊಂದಿಸಲು ಬರುವುದಿಲ್ಲ. ದೊಡ್ಡ ಚೆಕ್ಸ್ ಆದರೆ ಗೆರೆಗೆ ಗೆರೆ ಕೂಡಿಸಬೇಕು. ಅಂಥದ್ದಕ್ಕೆ ಕಾಲು ಮೀಟರ್ ಜಾಸ್ತಿ.

ಅಂಗಡಿಯಲ್ಲಿ ಮೊದಲ ಪ್ರಶ್ನೆ "ಏನು ಬಟ್ಟೆ ಬೇಕು?" ಎಂದಿರುತ್ತದೆ. ನಾನು ಬಟ್ಟೆಯ ಹೆಸರು ಹೇಳುವುದಿಲ್ಲ. "ನಾನೇ ಹೊಲಿಯುವುದು, ಈಗ ಕಲೀತಾ ಇದ್ದೀನಿ, ಕುರ್ತಿಗೆ, ಜಾರಬಾರದು" ಎನ್ನುತ್ತೇನೆ. ಹಳೇ ಅಂಗಡಿಗಳಲ್ಲಿ ಈ ಮಾತಿಗೆ ಒಳ್ಳೇ ಮರ್ಯಾದೆ ಇದೆ. ವಯಸ್ಸಾದ ಸೇಲ್ಸ್‌ಮನ್ ಆದರೆ ತಳದಿಂದ ಬೇರೆಯದೇ ತಾನು ಎಳೆದು ಹಾಕುತ್ತಾರೆ. ಜನ ಕಡಿಮೆ ಇರುವ ಹೊತ್ತಿಗೆ ಹೋಗಬೇಕು ಅಷ್ಟೇ. ವಾರದ ನಡುವೆ, ಬೆಳಗ್ಗೆ ಅಂಗಡಿ ತೆರೆದ ಸ್ವಲ್ಪ ಹೊತ್ತಿಗೆ ಹೋದರೆ ಒಳ್ಳೆಯದು. ದಸರಾ ಸಮಯದಲ್ಲಿ ಆ ಕಡೆ ತಲೆ ಹಾಕದಿರುವುದೇ ವಾಸಿ.

ತಾನು ಬಿಚ್ಚಿದ ಮೇಲೆ ಕಣ್ಣಿಗಿಂತ ಕೈಗೆ ಕೆಲಸ ಜಾಸ್ತಿ. ಒಂದು ಮೂಲೆಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು, ಹತ್ತು ಎಣಿಸಿ ಬಿಡುತ್ತೇನೆ. ಗೆರೆಗಳು ಹಾಗೇ ಉಳಿದರೆ ಅದು ದಿನಾ ಇಸ್ತ್ರಿ ಕೇಳುವ ಬಟ್ಟೆ. ಏನೂ ಆಗದ ಹಾಗೆ ಬಿಚ್ಚಿಕೊಂಡರೆ ಪಾಲಿಯೆಸ್ಟರ್ ಬೆರೆತಿರುವ ಅನುಮಾನ. ಆಮೇಲೆ ಎರಡು ಅಂಗೈ ನಡುವೆ ಚೆನ್ನಾಗಿ ಉಜ್ಜಬೇಕು. ಗಂಜಿ ಜಾಸ್ತಿ ಹಾಕಿದ್ದರೆ ಬಿಳಿ ಪುಡಿ ಉದುರುತ್ತದೆ, ಆ ಜಾಗ ಮೆತ್ತಗೆ ಜೋಲು ಬೀಳುತ್ತದೆ. ಅಂಗಡಿಯಲ್ಲಿ ಗಟ್ಟಿಮುಟ್ಟಾಗಿ ಕಾಣುವ ಎಷ್ಟೋ ಬಟ್ಟೆ ಒಂದು ಸಲ ಒಗೆದರೆ ಜಾಳು ಜಾಳಾಗುವುದು ಇದಕ್ಕೇ. ಬೆಳಕಿಗೆ ಹಿಡಿದು ನೋಡಿದರೆ ನೇಯ್ಗೆ ಒತ್ತಾಗಿದೆಯೋ ಇಲ್ಲವೋ ತಿಳಿಯುತ್ತದೆ, ಲೈನಿಂಗ್ ಬೇಕಾ ಎನ್ನುವುದೂ ಅಲ್ಲೇ ತೀರ್ಮಾನವಾಗುತ್ತದೆ. ಕೊನೆಗೆ ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಎಳೆದು ನೋಡುತ್ತೇನೆ. ಉದ್ದಕ್ಕೆ ಹೋಗುವ ಹಾಸಿನ ಎಳೆ ಹಿಗ್ಗುವುದು ಕಡಿಮೆ, ಅಡ್ಡಕ್ಕೆ ಹೋಗುವ ಹೊಕ್ಕಿನದು ಒಂಚೂರು ಜಾಸ್ತಿ, ಓರೆಯಾಗಿ ಎಳೆದರೆ ಎಲ್ಲಕ್ಕಿಂತ ಹೆಚ್ಚು. ಓರೆಗೆ ಎಳೆದು ಬಿಟ್ಟಾಗ ಮೊದಲಿನಂತೆ ಕೂತುಕೊಳ್ಳದ ಬಟ್ಟೆಯಲ್ಲಿ ಕಲಿಯುವವರ ಕೈಯಿಂದ ಕುತ್ತಿಗೆ ಸರಿಯಾಗಿ ಬರುವುದು ಕಷ್ಟ.

"ಪ್ಯೂರ್ ಕಾಟನ್" ಎಂದು ಎಲ್ಲರೂ ಹೇಳುತ್ತಾರೆ. ಒಂದು ಸಣ್ಣ ತುಂಡು ಕೇಳಿ ತರುವುದು ನನ್ನ ಪದ್ಧತಿ. ಮನೆಯ ಸಿಂಕಿನ ಮೇಲೆ ಎರಡು ಎಳೆಗೆ ಬೆಂಕಿಕಡ್ಡಿ ತಾಗಿಸಿದರೆ ಸಾಕು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮುಟ್ಟಿದರೆ ಉದುರುವ ಬೂದಿ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ರೇಷ್ಮೆಯದು ಕೂದಲು ಸುಟ್ಟ ವಾಸನೆ. ರೇಯಾನ್ ಮಾತ್ರ ಇಲ್ಲಿ ಸಿಕ್ಕಿಬೀಳುವುದಿಲ್ಲ, ಹತ್ತಿಯ ಹಾಗೇ ಉರಿಯುತ್ತದೆ. ಅದನ್ನು ಅದರ ಜೋಲಿನಿಂದಲೇ ಗುರುತಿಸಬೇಕು.

ಕಲಿಯುವಾಗ ಯಾವುದು ಒಳ್ಳೆಯದು ಎಂದು ಕೇಳಿದರೆ ನನ್ನ ಮತ ಕ್ಯಾಂಬ್ರಿಕ್‌ಗೆ. ಒತ್ತು ನೇಯ್ಗೆ, ಮೇಜಿನ ಮೇಲೆ ಹೇಳಿದ ಹಾಗೆ ಬಿದ್ದಿರುತ್ತದೆ, ಸೀಮೆಸುಣ್ಣದ ಗೆರೆ ಚೆನ್ನಾಗಿ ಹಿಡಿಯುತ್ತದೆ. ಪಾಪ್ಲಿನ್ ಕೂಡ ಸರಿ. ರವಿಕೆಗಾದರೆ ಟೂ ಬೈ ಟೂ ಎನ್ನುವ ಬಟ್ಟೆ. ಸುಮ್ನೆ ಅಳತೆ ಪರೀಕ್ಷಿಸಲು ಬ್ಲೀಚ್ ಮಾಡದ ಕೋರಾ ಬಟ್ಟೆ ಸಾಕು. ಮಲ್ ಎನ್ನುವ ತೆಳು ಹತ್ತಿ ಬಟ್ಟೆ ಮುದ್ದಾಗಿರುತ್ತದೆ, ಆದರೆ ಸೂಜಿಯ ಕೆಳಗೆ ಮುದುರಿಕೊಳ್ಳುತ್ತದೆ. ಅದಕ್ಕೆ 14ನೇ ನಂಬರ್ ಸೂಜಿ ತೆಗೆದು ಅದಕ್ಕಿಂತ ಸಣ್ಣದಾದ 11 ಹಾಕಬೇಕು. ಜಾರ್ಜೆಟ್, ಸ್ಯಾಟಿನ್, ಕ್ರೇಪ್ ಈಗಲೇ ಬೇಡ. ಮೈಸೂರಿನವರಿಗೆ ಕ್ರೇಪ್ ಮೇಲೆ ಪ್ರೀತಿ ಜಾಸ್ತಿ, ಗೊತ್ತು. 1912ರಲ್ಲಿ ಶುರುವಾದ ನಮ್ಮ ರೇಷ್ಮೆ ನೇಯ್ಗೆ ಕಾರ್ಖಾನೆಯ ಹೆಸರು ನಿಂತಿರುವುದೇ ಕ್ರೇಪ್ ಸೀರೆಯ ಮೇಲೆ. ಅಮ್ಮನ ಹಳೇ ಮೈಸೂರ್ ಸಿಲ್ಕ್ ಸೀರೆ ಕತ್ತರಿಸಿ ಗೌನು ಹೊಲಿಯುವ ಆಸೆ ನನಗೂ ಇದೆ. ಸೀರೆ ಇನ್ನೂ ಬೀರುವಿನಲ್ಲೇ ಭದ್ರವಾಗಿದೆ.

ಆಷಾಢದ ಸೇಲ್ ಹೊತ್ತಿನಲ್ಲಿ ನಾನು ಹುಡುಕುವುದು ಕಟ್ ಪೀಸ್. ತಾನಿನ ಕೊನೆಯಲ್ಲಿ ಉಳಿದ ಒಂದು, ಒಂದೂವರೆ ಮೀಟರಿನ ತುಂಡುಗಳು. ಕುರ್ತಿಗೆ ಸಾಲದಿದ್ದರೂ ಮಗುವಿನ ಫ್ರಾಕು, ದಿಂಬಿನ ಕವರು, ರವಿಕೆ ಆಗುತ್ತವೆ. ಪೂರ್ತಿ ಬಿಚ್ಚಿಸಿ ನೋಡಬೇಕು, ನಡುವೆ ಕಲೆಯೋ ಎಳೆ ತಪ್ಪಿದ ಗೆರೆಯೋ ಇರುವುದುಂಟು. ಖಾದಿಗೆ ಗಾಂಧಿ ಜಯಂತಿ ಸಮಯದ ರಿಯಾಯಿತಿ ಕಾಯುತ್ತೇನೆ. ಖಾದಿಯ ನೂಲು ಒಂದೊಂದು ಕಡೆ ದಪ್ಪ, ಒಂದೊಂದು ಕಡೆ ಸಣ್ಣ. ಹೊಲಿಗೆ ಅರ್ಧ ಎಳೆ ಆಚೀಚೆ ಹೋದರೂ ಅದು ಮುಚ್ಚಿಕೊಳ್ಳುತ್ತದೆ. ಕಲಿಯುವವರ ಪಾಲಿಗೆ ಉದಾರಿ ಬಟ್ಟೆ.

ಈಗ ಬಣ್ಣ. ಟ್ಯೂಬ್‌ಲೈಟಿನ ಕೆಳಗಿನ ಬಣ್ಣ ನಂಬುವ ಹಾಗಿಲ್ಲ. ತಾನಿನ ತುದಿ ಹಿಡಿದು ಬಾಗಿಲ ತನಕ ಬಂದು ಹೊರಗಿನ ಬೆಳಕಿನಲ್ಲಿ ನೋಡುತ್ತೇನೆ, ಯಾರೂ ಬೇಡ ಅನ್ನುವುದಿಲ್ಲ. ಒದ್ದೆ ಮಾಡಿದ ಬಿಳಿ ಕರ್ಚೀಫಿನಿಂದ ಒಂದು ಮೂಲೆ ಉಜ್ಜಿದರೆ ಬಣ್ಣ ಬಿಡುತ್ತದೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ.

ಒಪ್ಪಿಗೆಯಾದರೆ ಒಂದು ಮಾತು ಕೇಳುತ್ತೇನೆ: "ಕತ್ತರಿಸಬೇಡಿ, ಹರಿದು ಕೊಡಿ." ಹತ್ತಿ ಬಟ್ಟೆಗೆ ಇದು ನಡೆಯುತ್ತದೆ. ಅಂಚಿನಲ್ಲಿ ಸಣ್ಣ ಕಚ್ಚು ಹಾಕಿ ಎರಡೂ ಕೈಯಿಂದ ಎಳೆದರೆ ಚರ್ರನೆ ಒಂದೇ ಹೊಕ್ಕಿನ ಎಳೆ ಹಿಡಿದು ಹರಿದು ಬರುತ್ತದೆ. ಕತ್ತರಿಯಾದರೆ ಅವಸರದಲ್ಲಿ ಎರಡು ಇಂಚು ಸೊಟ್ಟ ಹೋಗಬಹುದು, ಆ ಎರಡು ಇಂಚಿನ ದುಡ್ಡು ನಮ್ಮದು. ಹರಿಯಲು ಬಾರದ ಬಟ್ಟೆಯಾದರೆ ಮನೆಯಲ್ಲಿ ಒಂದು ಹೊಕ್ಕಿನ ಎಳೆಯನ್ನು ಸೂಜಿಯಿಂದ ಎಬ್ಬಿಸಿ ಮೆಲ್ಲಗೆ ಎಳೆದು ತೆಗೆಯುತ್ತೇನೆ. ಉಳಿಯುವ ಸಣ್ಣ ಸಂದಿನ ಗುಂಟ ಕತ್ತರಿಸಿದರೆ ತುದಿ ನೇರವಾಗುತ್ತದೆ.

ಲೈನಿಂಗ್, ದಾರ ಎರಡನ್ನೂ ಅದೇ ದಿನ ಮ್ಯಾಚಿಂಗ್ ಸೆಂಟರ್‌ನಲ್ಲಿ ತೆಗೆದುಕೊಂಡುಬಿಡುತ್ತೇನೆ. ದಾರ ಸರಿಯಾಗಿ ಹೊಂದದಿದ್ದರೆ ಒಂದು ಛಾಯೆ ಗಾಢವಾದದ್ದೇ ಇರಲಿ, ತಿಳಿ ಬಣ್ಣದ್ದು ಎದ್ದು ಕಾಣುತ್ತದೆ. ಮನೆಗೆ ಬಂದ ಮೇಲೆ ಬಟ್ಟೆ, ಲೈನಿಂಗ್ ಎರಡನ್ನೂ ಬೇರೆ ಬೇರೆ ಬಕೆಟಿನಲ್ಲಿ ರಾತ್ರಿಯಿಡೀ ನೆನೆಸಿ, ನೆರಳಲ್ಲಿ ಒಣಗಿಸಿ, ಅರೆ ಒದ್ದೆ ಇರುವಾಗಲೇ ಎಳೆಯ ದಿಕ್ಕಿಗೆ ಇಸ್ತ್ರಿ ಮಾಡುತ್ತೇನೆ. ಎರಡನ್ನೂ ನೆನೆಸಲೇಬೇಕು. ಮೇಲಿನ ಬಟ್ಟೆ ಮಾತ್ರ ಕುಗ್ಗಿಸಿ ಹೊಲಿದರೆ ಮೊದಲ ಒಗೆತದಲ್ಲಿ ಒಳಗಿನ ಲೈನಿಂಗ್ ಎಳೆದುಕೊಂಡು ಕೆಳಗಿನ ಮಡಿಕೆ ಸುಕ್ಕುಸುಕ್ಕಾಗುತ್ತದೆ. ನೆನೆಸುವ ಮುಂಚೆ, ಒಣಗಿದ ಮೇಲೆ ಎರಡು ಸಲವೂ ಟೇಪ್ ಹಿಡಿಯುತ್ತೇನೆ. ಈಚೆಗೆ ತಂದ 2.5 ಮೀಟರ್ ರೇಯಾನ್ ಒಣಗಿದಾಗ 2.4 ಇತ್ತು. ಅಂಥ ಅಂಕಿಯನ್ನು ಅಂಗಡಿಯ ಬಿಲ್ಲಿನ ಹಿಂದೆ ಬರೆದು, ಬಟ್ಟೆಯ ಒಂದು ತುಣುಕು ಪಿನ್ ಮಾಡಿ ಇಡುತ್ತೇನೆ. ಮುಂದಿನ ಸಲ ಅದೇ ಅಂಗಡಿಗೆ ಹೋಗುವಾಗ ಆ ಬಿಲ್ಲುಗಳ ಕಟ್ಟೂ ಚೀಲದಲ್ಲಿ ಇರುತ್ತದೆ.