ವಾಪಸ್ ಬರುವ ಬಸ್ಸಿನಿಂದ ಲೆಕ್ಕ ಶುರು

ಬನಶಂಕರಿಯಲ್ಲಿ ಮನೆ, ಬೆಳ್ಳಂದೂರಿನಲ್ಲಿ ಆಫೀಸು, ನಡುವೆ ಜಾಮ್‌ಗೆ ಹೆಸರಾದ ಸಿಲ್ಕ್ ಬೋರ್ಡ್ ಜಂಕ್ಷನ್. ಇಷ್ಟು ಹೇಳಿದರೆ ಬೆಂಗಳೂರಿನವರಿಗೆ ಮಿಕ್ಕಿದ್ದು ಬಿಡಿಸಿ ಹೇಳಬೇಕಾಗಿಲ್ಲ. ಈ ದಾರಿಯನ್ನು ನಾನು ಕೆಲವು ವರ್ಷಗಳಿಂದ ಬಿಎಂಟಿಸಿ ಬಸ್ಸಿನಲ್ಲೇ ಸವೆಸುತ್ತಿದ್ದೇನೆ. ಬೈಕಿದೆ, ಮನೆ ಕೆಳಗೆ ಧೂಳು ತಿನ್ನುತ್ತಾ ನಿಂತಿದೆ. ವಾರದ ಕೊನೆಗೆ ಗೆಳೆಯರ ಜೊತೆ ಊರಾಚೆ ಹೋಗುವುದೂ ಬಸ್ಸಿನಲ್ಲೇ. 'ಒಂದು ಕಾರ್ ಬಾಡಿಗೆಗೆ ತಗೊಂಡ್ರೆ ಆಗಲ್ವಾ?' ಅಂತ ಕೇಳುವವರಿದ್ದಾರೆ. ಆಗುತ್ತೆ. ಆದರೆ ಕಾರೆಂದರೆ ಒಬ್ಬ ಓಡಿಸಬೇಕು. ಅವನು ನಿದ್ದೆ ಮಾಡುವ ಹಾಗಿಲ್ಲ, ಹಿಂದೆ ನಡೆಯುವ ಹರಟೆಯಲ್ಲಿ ಪೂರ್ತಿ ಸೇರುವ ಹಾಗಿಲ್ಲ. ಸಂಜೆ ನೆಲಮಂಗಲದ ಜಾಮ್‌ನಲ್ಲಿ ಸಿಕ್ಕಿಕೊಂಡಾಗ ಅವನ ಮುಖವನ್ನು ನಾವ್ಯಾರೂ ನೋಡುವ ಹಾಗಿಲ್ಲ.

ಮೊದಲು ವಾರದ ದಿನಗಳ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ವಾರಾಂತ್ಯದ ಬುದ್ಧಿಯೆಲ್ಲ ಬಂದದ್ದು ಅಲ್ಲಿಂದಲೇ.

ಸಾಮಾನ್ಯ ಬಸ್ಸಿನ ತಿಂಗಳ ಪಾಸ್ 2025ರ ಜನವರಿಯ ದರ ಏರಿಕೆಯಲ್ಲಿ 1050ರಿಂದ 1200 ರೂಪಾಯಿ ಆಯಿತು. ಬರೀ ಆಫೀಸಿಗೆ ಹೋಗಿಬರುವ ಲೆಕ್ಕ ಹಾಕಿದರೆ ದೊಡ್ಡ ಉಳಿತಾಯವೇನೂ ಕಾಣುವುದಿಲ್ಲ. ಪಾಸಿನ ಮಜಾ ಇರುವುದು ಬೇರೆ ಕಡೆ. ಪಾಸ್ ಇದ್ದವನು ಬಸ್ಸನ್ನು ತುಂಡು ತುಂಡಾಗಿ ಬಳಸಬಹುದು. ಬನಶಂಕರಿಯಿಂದ ನೇರ ಬಸ್ಸಿಗೆ ಕಾಯುತ್ತಾ ನಿಲ್ಲುವುದಿಲ್ಲ. ಸಿಲ್ಕ್ ಬೋರ್ಡ್ ಕಡೆ ಮೂತಿ ಮಾಡಿರುವ ಯಾವ ಬಸ್ ಬಂದರೂ ಹತ್ತುತ್ತೇನೆ, ಅಲ್ಲಿ ಇಳಿದು ಹೆಬ್ಬಾಳದ ಕಡೆ ಹೋಗುವ 500ಡಿ ಹಿಡಿಯುತ್ತೇನೆ. ಪ್ರತಿ ಸಲ ಟಿಕೆಟ್ ತೆಗೆಯಬೇಕಾಗಿದ್ದರೆ ಹೀಗೆ ಹತ್ತಿ ಇಳಿಯಲು ಮನಸ್ಸು ಬರುತ್ತಿರಲಿಲ್ಲ.

ನಂಬರುಗಳಿಗೂ ಒಂದು ಜಾಡಿದೆ. 500ರ ಸಾಲು ರಿಂಗ್ ರೋಡಿನದು. 356 ಅಂದರೆ ಹೊಸೂರು ರಸ್ತೆ, 365 ಬನ್ನೇರುಘಟ್ಟ, 335 ಹಳೇ ವಿಮಾನ ನಿಲ್ದಾಣ ರಸ್ತೆಯಿಂದ ಕಾಡುಗೋಡಿ ಕಡೆ, 226 ಮೈಸೂರು ರಸ್ತೆಯಲ್ಲಿ ಬಿಡದಿ ಕಡೆ. ಹಿಂದಿರುವ ಅಕ್ಷರ ಬದಲಾದರೆ ಕೊನೆಯ ನಿಲ್ದಾಣವೋ ನಡುವಿನ ತಿರುವೋ ಬದಲಾಗುತ್ತದೆ, ಹೆದ್ದಾರಿ ಸಾಮಾನ್ಯವಾಗಿ ಅದೇ ಇರುತ್ತದೆ. ಬೋರ್ಡ್ ಓದಲು ಎರಡೇ ಸೆಕೆಂಡ್ ಸಿಗುವ ಕಡೆ ಇಷ್ಟು ಗೊತ್ತಿದ್ದರೆ ಸಾಕು, ಓಡಬೇಕೋ ಬೇಡವೋ ತೀರ್ಮಾನ ಮಾಡಬಹುದು.

ಅರ್ಧ ಗಂಟೆ ಒಂದೂ ಬರದೆ ಆಮೇಲೆ ಒಂದೇ ನಂಬರಿನ ಮೂರು ಬಸ್ ಸಾಲಾಗಿ ಬರುವುದನ್ನು ಎಲ್ಲರೂ ನೋಡಿದ್ದೇವೆ. ಇದರಲ್ಲಿ ಡ್ರೈವರನನ್ನು ಬಯ್ಯಲು ಏನೂ ಇಲ್ಲ. ಮುಂದಿನ ಬಸ್ ಸಿಗ್ನಲ್ಲಿನಲ್ಲೋ ಜಾಮ್‌ನಲ್ಲೋ ಸ್ವಲ್ಪ ತಡವಾಯಿತು ಅನ್ನಿ. ಅಷ್ಟರಲ್ಲಿ ಪ್ರತಿ ನಿಲ್ದಾಣದಲ್ಲೂ ಜನ ಜಾಸ್ತಿಯಾಗಿರುತ್ತಾರೆ. ಜನ ಜಾಸ್ತಿಯಾದಷ್ಟೂ ಹತ್ತಿಸಿ ಇಳಿಸುವ ಹೊತ್ತು ಜಾಸ್ತಿ, ಇನ್ನಷ್ಟು ತಡ. ಹಿಂದಿನ ಬಸ್ಸಿಗೆ ಹತ್ತುವವರೇ ಇರುವುದಿಲ್ಲ, ಅದು ಸಲೀಸಾಗಿ ಬಂದು ಮುಂದಿನದರ ಬಾಲ ಹಿಡಿಯುತ್ತದೆ. ಹಾಗಾಗಿ ಬಾಗಿಲಲ್ಲಿ ಜನ ನೇತಾಡುತ್ತಿರುವ ಮೊದಲನೆಯದನ್ನು ಬಿಟ್ಟುಬಿಡುತ್ತೇನೆ. ಹಿಂದಿನದು ಬರುತ್ತಿದೆಯೋ ಇಲ್ಲವೋ ಎಂದು ಕತ್ತು ಚಾಚಿ ಖಾತ್ರಿ ಮಾಡಿಕೊಂಡ ಮೇಲೆ, ಅಷ್ಟೇ.

ಸೀಟಿನ ವಿಷಯದಲ್ಲಿ ನನ್ನದೊಂದು ಬಿಸಿಲಿನ ಲೆಕ್ಕವಿದೆ. ಬೆಳಿಗ್ಗೆ ಇಬ್ಬಲೂರು ದಾಟಿ ಬಸ್ ಉತ್ತರಕ್ಕೆ ತಿರುಗಿದರೆ ಸೂರ್ಯ ಬಲಗಡೆ. ಸಂಜೆ ದಕ್ಷಿಣಕ್ಕೆ ವಾಪಸ್ ಬರುವಾಗ ಸೂರ್ಯ ಪಡುವಣಕ್ಕೆ ಹೋಗಿರುತ್ತಾನೆ, ಆಗಲೂ ಬಲಗಡೆಯೇ. ಅಂದರೆ ಎರಡು ಹೊತ್ತೂ ಎಡಗಡೆ ಕೂತವನು ಜಾಣ. ತುಮಕೂರು ರಸ್ತೆಗೂ ಇದೇ ಲೆಕ್ಕ ನಡೆಯುತ್ತದೆ. ಮೈಸೂರು ರಸ್ತೆಗೆ ಮಾತ್ರ ತಿರುಗುಮುರುಗು: ನೈಋತ್ಯಕ್ಕೆ ಹೋಗುವ ದಾರಿಯಾದ್ದರಿಂದ ಹೋಗುವಾಗಲೂ ಬರುವಾಗಲೂ ಬಲಗಡೆ ನೆರಳು. ಮಾರ್ಚ್-ಏಪ್ರಿಲ್‌ನಲ್ಲಿ ಜಾಮ್‌ನಲ್ಲಿ ನಿಂತ ಬಸ್ಸಿನೊಳಗೆ ಕೂತವರಿಗೆ ಇದು ಸಣ್ಣ ವಿಷಯವಲ್ಲ.

ಇನ್ನು ವಾರಾಂತ್ಯ.

ನಮ್ಮದು ಹಳೇ ಕಾಲೇಜು ಗುಂಪು. ಒಬ್ಬ ಯಲಹಂಕ, ಒಬ್ಬಳು ರಾಜಾಜಿನಗರ, ಒಬ್ಬ ಕೆಂಗೇರಿ, ಕಾಸರಗೋಡಿನಿಂದ ಬಂದ ಗೆಳತಿ ಕಾಡುಗೋಡಿ. ಎಲ್ಲಿಗೆ ಹೋಗುವುದು ಅನ್ನುವುದಕ್ಕಿಂತ ಎಲ್ಲಿ ಸೇರುವುದು ಅನ್ನುವುದೇ ದೊಡ್ಡ ಜಗಳ. ಎಲ್ಲರೂ ಮೆಜೆಸ್ಟಿಕ್‌ಗೆ ಬನ್ನಿ ಅಂದರೆ ಯಲಹಂಕದವನು ಚಿಕ್ಕಬಳ್ಳಾಪುರಕ್ಕೆ ಹೋಗಲು ಮೊದಲು ಊರೊಳಗೆ ಬಂದು, ಮತ್ತೆ ತನ್ನ ಮನೆ ಮುಂದಿನಿಂದಲೇ ಹಾದುಹೋಗಬೇಕು. ಊರು ಬಿಡುವ ಕಡೆ ಸೇರೋಣವೆಂದರೆ, ಅಂದರೆ ತುಮಕೂರು ದಾರಿಗೆ ಗೊರಗುಂಟೆಪಾಳ್ಯ, ಚಿಕ್ಕಬಳ್ಳಾಪುರಕ್ಕೆ ಹೆಬ್ಬಾಳ, ಮೈಸೂರು ಕಡೆಗೆ ಕೆಂಗೇರಿ, ಬಸ್ ಅಲ್ಲಿಗೆ ಬರುವಷ್ಟರಲ್ಲಿ ಸೀಟು ತುಂಬಿರುತ್ತದೆ. ಕೊನೆಗೆ ನಾವು ಕಂಡುಕೊಂಡ ದಾರಿ ಹೀಗಿದೆ: ಇಬ್ಬರು ಬಸ್ ಹೊರಡುವ ಜಾಗದಿಂದಲೇ ಹತ್ತುತ್ತಾರೆ, ಮಿಕ್ಕವರು ದಾರಿಯಲ್ಲಿ. ಕೂತವರು ಅರ್ಧ ದಾರಿಗೆ ಎದ್ದು ನಿಂತವರಿಗೆ ಬಿಟ್ಟುಕೊಡಬೇಕು. ಕರ್ಚೀಫು ಹಾಕಿ ನಾಲ್ಕು ಸೀಟು ಹಿಡಿದು ಗೊರಗುಂಟೆಪಾಳ್ಯದವರೆಗೂ ಕಾಯುವ ವಿದ್ಯೆ ನಮ್ಮಲ್ಲಿ ಒಬ್ಬನಿಗೆ ಕರಗತ. ನನಗೆ ಅದು ಸರಿಕಾಣುವುದಿಲ್ಲ. ಮಗು ಎತ್ತಿಕೊಂಡು ನಿಂತವರ ಎದುರಿಗೆ ಆ ಕರ್ಚೀಫನ್ನು ಸಮರ್ಥಿಸಿಕೊಳ್ಳುವುದು ಯಾರಿಂದಾಗುತ್ತೆ?

ಯಾವ ಬಸ್ಸು ಅನ್ನುವ ಪ್ರಶ್ನೆ 2023ರ ಜೂನ್‌ನಿಂದ ನಮಗೆ ಉಳಿದಿಲ್ಲ. ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸಿನಲ್ಲಿ ಟಿಕೆಟ್ ಇಲ್ಲ. ರಾಜಹಂಸ, ಐರಾವತಕ್ಕೆ ಅನ್ವಯಿಸುವುದಿಲ್ಲ. ಹಾಗಾಗಿ ಕೆಂಪು ಬಸ್ಸೇ ಗಟ್ಟಿ. ದುಡ್ಡು ಕೊಡಬೇಕಾಗಿಲ್ಲದಿದ್ದರೂ ಶೂನ್ಯ ಟಿಕೆಟ್ ತೆಗೆದುಕೊಳ್ಳಲೇಬೇಕು, ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಕೈಯಲ್ಲಿರಬೇಕು. ಕಾಸರಗೋಡಿನವಳು ನಮ್ಮೆಲ್ಲರಿಗಿಂತ ಚೆಂದದ ಕನ್ನಡ ಮಾತಾಡುತ್ತಾಳೆ, ಆದರೆ ಆಧಾರ್‌ನಲ್ಲಿ ವಿಳಾಸ ಕೇರಳದ್ದು. ಹುಡುಗಿಯರ ಪೈಕಿ ದುಡ್ಡು ಕೊಡುವವಳು ಅವಳೊಬ್ಬಳೇ. ಪ್ರತಿ ಸಲವೂ ಇದರ ಬಗ್ಗೆ ಒಂದು ಸಣ್ಣ ಭಾಷಣ ಕೇಳಬೇಕಾಗುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕಾರಿನಲ್ಲಿ ಹೋಗುವವರು ಹೊರಡುವ ಸಮಯದಿಂದ ಯೋಜನೆ ಮಾಡುತ್ತಾರೆ. ಬಸ್ಸಿನವರು ಮಾಡಬೇಕಾದದ್ದು ವಾಪಸ್ ಬಸ್ಸಿನಿಂದ, ಹಿಂದಕ್ಕೆ. ಸಿಟಿಯಲ್ಲಿ ಒಂದು ಬಸ್ ತಪ್ಪಿದರೆ ಇನ್ನೊಂದು ಬರುತ್ತದೆ, ಆ ಧೈರ್ಯ ಹಳ್ಳಿ ದಾರಿಯಲ್ಲಿ ನಡೆಯುವುದಿಲ್ಲ. ಮೇಲಾಗಿ ಅಲ್ಲಿ ನೈಟ್ ಹಾಲ್ಟ್ ಬಸ್ಸುಗಳಿರುತ್ತವೆ: ರಾತ್ರಿ ಊರಿಗೆ ಬಂದು, ಅಲ್ಲೇ ತಂಗಿ, ಬೆಳಿಗ್ಗೆ ಪಟ್ಟಣಕ್ಕೆ ಹೊರಡುವ ಬಸ್ಸುಗಳು. ಸಂಜೆ ಏಳಕ್ಕೆ ಒಂದು ಬಸ್ ಊರೊಳಗೆ ಬರುವುದನ್ನು ನೋಡಿ 'ಅದೇ ತಿರುಗಿ ಹೋಗುತ್ತಲ್ಲ' ಅಂದುಕೊಂಡು ಟೀ ಕುಡಿಯುತ್ತಾ ಕೂತರೆ, ಡ್ರೈವರ್ ಇಳಿದು ಕೈಕಾಲು ತೊಳೆದು ಊಟದ ಡಬ್ಬಿ ಬಿಚ್ಚುತ್ತಾನೆ. ಆದ್ದರಿಂದ ಕೊನೇ ಬಸ್ ಎಷ್ಟು ಹೊತ್ತಿಗೆ ಎಂದು ಹೋಗುವಾಗ ಕಂಡಕ್ಟರನ್ನು ಕೇಳುತ್ತೇವೆ, ಇಳಿದ ಮೇಲೆ ನಿಲ್ದಾಣದ ಟೀ ಅಂಗಡಿಯಲ್ಲಿ ಇನ್ನೊಮ್ಮೆ ಕೇಳುತ್ತೇವೆ. ಎರಡೂ ಉತ್ತರ ಒಂದೇ ಆಗಿದ್ದರೂ ಅದಕ್ಕಿಂತ ಮೊದಲಿನ ಬಸ್ಸಿಗೆ ಬರುವ ಹಾಗೆ ಹೊರಡುತ್ತೇವೆ. ಕೊನೆಯದು ಏನಿದ್ದರೂ ಆಪತ್ತಿಗೆ.

ಶಿವಗಂಗೆಯ ಉದಾಹರಣೆಯನ್ನೇ ಕೊಡುತ್ತೇನೆ, ನಾವು ಹೆಚ್ಚಾಗಿ ಹೋಗುವುದು ಅಲ್ಲಿಗೇ. ತುಮಕೂರು ರಸ್ತೆಯಲ್ಲಿ ಸುಮಾರು 50 ಕಿಲೋಮೀಟರ್ ಹೋದರೆ ದಾಬಸ್‌ಪೇಟೆ, ಅಲ್ಲಿಂದ ಎಡಕ್ಕೆ ಬೆಟ್ಟ. ತುಮಕೂರು, ಶಿರಾ, ತಿಪಟೂರು, ಅರಸೀಕೆರೆ ಅಂತ ಬೋರ್ಡ್ ಹಾಕಿಕೊಂಡು ಎಷ್ಟೋ ಬಸ್ ಆ ಕಡೆ ಹೋಗುತ್ತವೆ. ಆದರೆ ಎಲ್ಲವೂ ದಾಬಸ್‌ಪೇಟೆಯಲ್ಲಿ ನಿಲ್ಲುವುದಿಲ್ಲ, ಮೇಲ್ಸೇತುವೆ ಹತ್ತಿ ಸೀದಾ ಹೋಗಿಬಿಡುತ್ತವೆ. ಹತ್ತುವ ಮೊದಲು ಬಾಗಿಲಲ್ಲೇ 'ದಾಬಸ್‌ಪೇಟೆ ಸ್ಟಾಪ್ ಇದೆಯಾ ಸಾರ್?' ಅಂತ ಕೇಳಬೇಕು. ತಲೆಯಾಡಿಸಿದರೆ ಸಾಲದು, 'ಹತ್ತಿ' ಅನ್ನಬೇಕು. ಆಮೇಲೆ ದಾಬಸ್‌ಪೇಟೆಯಿಂದ ಇನ್ನೊಂದು ಬಸ್ಸೋ ಶೇರ್ ಆಟೋವೋ. ಆಟೋದಲ್ಲಿ ತಲೆಗಿಷ್ಟು ಎಂದು ಮೊದಲೇ ಮಾತಾಡಿಕೊಳ್ಳಿ, ಮುಂದೆ ಡ್ರೈವರ್ ಪಕ್ಕ ಅರ್ಧ ಸೀಟಿನಲ್ಲಿ ಕೂರುವವರಿಗೂ ಪೂರ್ತಿ ದುಡ್ಡೇ.

ಬೆಟ್ಟದ ತಪ್ಪಲಿನಲ್ಲೇ ಗವಿಯೊಳಗಿನ ಗಂಗಾಧರೇಶ್ವರ. ಅಭಿಷೇಕಕ್ಕೆ ಕೊಟ್ಟ ತುಪ್ಪ ಲಿಂಗದ ಮೇಲೆ ಉಜ್ಜಿದಾಗ ಬೆಣ್ಣೆಯಾಗುತ್ತದೆ ಎಂದು ಭಕ್ತರು ನಂಬುವ ಜಾಗ. ಮೇಲೆ ಒಳಕಲ್ಲು ತೀರ್ಥ: ಬಂಡೆಯ ಕುಳಿಯೊಳಗೆ ಕೈಬಿಟ್ಟು ನೀರು ಮುಟ್ಟಬೇಕು, ಸಿಕ್ಕಿದವನು ಪುಣ್ಯವಂತ. ನಮ್ಮ ಕೆಂಗೇರಿಯವನಿಗೆ ಸಿಗುವುದಿಲ್ಲ. ಅವನ ಕೈ ಗಿಡ್ಡ ಅನ್ನುವುದು ಅವನ ವಾದ, ನಾವು ಒಪ್ಪಿಲ್ಲ. ಅಲ್ಲಿಂದ ಮೇಲೆ ನಿಜವಾದ ಏರು, ಕಬ್ಬಿಣದ ಕಂಬಿ ಹಿಡಿದು ಹತ್ತುವ ಮೆಟ್ಟಿಲು, ಮೇಲೆ ಬಂಡೆಯ ಅಂಚಿನಲ್ಲಿ ಕೆತ್ತಿದ ನಂದಿ. ಹೊಯ್ಸಳರ ರಾಣಿ ಶಾಂತಲೆ ಬಿದ್ದು ಪ್ರಾಣಬಿಟ್ಟಳು ಎಂದು ಜನ ತೋರಿಸುವ ಜಾಗವೂ ಮೇಲೆಯೇ ಇದೆ. ಕೋತಿಗಳ ಬಗ್ಗೆ ಒಂದೇ ಮಾತು: ಸೌತೆಕಾಯಿಯನ್ನು ಕೊಂಡ ಜಾಗದಲ್ಲೇ ತಿಂದು ಮುಗಿಸಿ. ಪ್ಲಾಸ್ಟಿಕ್ ಕವರಿನ ಸದ್ದು ಕೇಳಿದರೆ ಸಾಕು, ಬರುತ್ತವೆ.

ಇಳಿದು ದಾಬಸ್‌ಪೇಟೆಗೆ ಬಂದ ಮೇಲೆ ಶನಿವಾರಕ್ಕೂ ಭಾನುವಾರಕ್ಕೂ ಇರುವ ವ್ಯತ್ಯಾಸ ಗೊತ್ತಾಗುತ್ತದೆ. ಭಾನುವಾರ ಸಂಜೆ ಬೆಂಗಳೂರಿಗೆ ಬರುವ ಬಸ್ಸೆಲ್ಲ ಊರಿಗೆ ಹೋಗಿ ಸೋಮವಾರದ ಕೆಲಸಕ್ಕೆ ವಾಪಸಾಗುವವರಿಂದ ತುಂಬಿರುತ್ತದೆ. ಅಕ್ಕಿ ಮೂಟೆ, ತೆಂಗಿನಕಾಯಿ ಚೀಲ, ಉಪ್ಪಿನಕಾಯಿ ಭರಣಿ ಎಲ್ಲದರ ನಡುವೆ ಒಂಟಿ ಕಾಲಲ್ಲಿ ನಿಲ್ಲಬೇಕು, ಅದೂ ಬೆಟ್ಟ ಹತ್ತಿ ಇಳಿದ ಕಾಲಲ್ಲಿ. ಅದಕ್ಕೇ ನಾವು ಶನಿವಾರ ಹೋಗುತ್ತೇವೆ, ಬೆಳಿಗ್ಗೆ ಆರರೊಳಗೆ ಊರು ಬಿಡುತ್ತೇವೆ. ಸಂಜೆ ಎದುರು ದಿಕ್ಕಿನಲ್ಲಿ ಜನ ಊರಿಗೆ ಹೊರಟಿರುತ್ತಾರೆ, ನಮ್ಮ ಬಸ್ಸಿನಲ್ಲಿ ಕಾಲು ಚಾಚುವಷ್ಟು ಜಾಗ ಸಿಗುತ್ತದೆ. ಹಬ್ಬದ ರಜೆ ಸೇರಿಕೊಂಡ ಶನಿವಾರಗಳಲ್ಲಿ ಮಾತ್ರ ಮನೆ ಬಿಟ್ಟು ಕದಲುವುದಿಲ್ಲ.

ರಾಮನಗರಕ್ಕೆ ಹೋಗುವವರು ಇನ್ನೊಂದು ಪ್ರಶ್ನೆ ಕೇಳಲೇಬೇಕು. 2023ರ ಮಾರ್ಚ್‌ನಲ್ಲಿ ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ತಡೆರಹಿತ ಬಸ್ಸುಗಳು ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಯಾವುದನ್ನೂ ಮುಟ್ಟದೆ ಹೊರಗಿನಿಂದಲೇ ಹೋಗುತ್ತವೆ. 'ಬೈಪಾಸಾ, ಊರೊಳಗಾ?' ಅನ್ನುವುದೇ ಆ ಪ್ರಶ್ನೆ. ಊರೊಳಗಿನ ಬಸ್ ನಿಧಾನ, ಆದರೆ ರಾಮದೇವರ ಬೆಟ್ಟಕ್ಕೆ ಹೋಗಲು ಅದೇ ಬೇಕು. ಅಲ್ಲಿ 2012ರಿಂದ ರಣಹದ್ದುಗಳ ಅಭಯಾರಣ್ಯವಿದೆ. ರಣಹದ್ದು ಕಾಣುತ್ತದೆಂದು ಯಾರಿಗೂ ಮಾತು ಕೊಟ್ಟು ಕರೆದುಕೊಂಡು ಹೋಗಬೇಡಿ.

ನಂದಿಬೆಟ್ಟದ ಸೂರ್ಯೋದಯವನ್ನು ನಾವು ಬಿಟ್ಟುಬಿಟ್ಟಿದ್ದೇವೆ. ಬೆಳಗಿನ ಬಸ್ ಹಿಡಿದು ಮೇಲೆ ಹೋಗುವಷ್ಟರಲ್ಲಿ ಸೂರ್ಯ ಚೆನ್ನಾಗಿಯೇ ಮೇಲೆ ಬಂದಿರುತ್ತಾನೆ. ಸೂರ್ಯೋದಯ ನೋಡಲು ಹೋದವರು ಇಳಿಯುವ ಹೊತ್ತಿಗೆ ನಾವು ಹತ್ತುತ್ತೇವೆ, ತಪ್ಪೇನಿಲ್ಲ.

ಬಸ್ಸಿನವರಿಗೆ ಕಷ್ಟ ಕೊಡುವುದು ಶಿವನಸಮುದ್ರ. ಮಳವಳ್ಳಿಯವರೆಗೆ ಸುಖವಾಗಿ ಹೋಗಬಹುದು. ಆಮೇಲೆ ಗಗನಚುಕ್ಕಿ ನೋಡುವ ಕಟ್ಟೆ ಮಳವಳ್ಳಿ ಕಡೆ, ಭರಚುಕ್ಕಿ ಹೊಳೆಯಾಚೆ ಕೊಳ್ಳೇಗಾಲದ ಕಡೆ. ಎರಡನ್ನೂ ಜೋಡಿಸುವ ಬಸ್ಸಿಗೆ ಕಾಯುವುದಕ್ಕಿಂತ ಮಳವಳ್ಳಿಯಲ್ಲೇ ಒಂದು ಆಟೋ ಮಾತಾಡಿಕೊಂಡು, ಎರಡೂ ಕಡೆ ಕಾಯುವುದೂ ಸೇರಿ ಎಷ್ಟು ಎಂದು ಕೇಳಿಕೊಳ್ಳುವುದು ವಾಸಿ. 1902ರಲ್ಲೇ ಇಲ್ಲಿನ ವಿದ್ಯುತ್ ಕೋಲಾರದ ಚಿನ್ನದ ಗಣಿಗೆ ಹೋಗಿತ್ತು. ಬೇಸಿಗೆಯಲ್ಲಿ ಹೋದರೆ ಆ ಇತಿಹಾಸವೊಂದೇ ಸಿಗುತ್ತದೆ, ನೀರು ಬೇಕಿದ್ದರೆ ಮಳೆಗಾಲದಲ್ಲಿ, ಕಾವೇರಿ ತುಂಬಿದಾಗ ಹೋಗಬೇಕು.

ದುಡ್ಡಿನ ವಿಷಯ ಚಿಕ್ಕದು. ದಿನಕ್ಕೊಬ್ಬ ಖಜಾಂಚಿ, ಟಿಕೆಟ್ಟು ಆಟೋ ತಿಂಡಿ ಎಲ್ಲ ಅವನೇ ಕೊಡುತ್ತಾನೆ, ರಾತ್ರಿ ಭಾಗ ಮಾಡಿ ಗ್ರೂಪಿಗೆ ಹಾಕುತ್ತಾನೆ. ಬಿಎಂಟಿಸಿ ಪಾಸ್ ಇಲ್ಲದವರು 80 ರೂಪಾಯಿಯ ದಿನದ ಪಾಸ್ ತೆಗೆದುಕೊಂಡರೆ ಮನೆಯಿಂದ ಮೆಜೆಸ್ಟಿಕ್, ಮೆಜೆಸ್ಟಿಕ್‌ನಿಂದ ಮನೆ, ನಡುವೆ ಎಷ್ಟು ಬಸ್ ಬದಲಿಸಿದರೂ ಚಿಂತೆಯಿಲ್ಲ. ಕ್ಯೂಆರ್ ಸ್ಕ್ಯಾನ್ ಮಾಡಿ ಟಿಕೆಟ್ ತೆಗೆಯುವುದು ಅಭ್ಯಾಸವಾಗಿಬಿಟ್ಟಿದೆ, ಆದರೂ ಹತ್ತರ, ಇಪ್ಪತ್ತರ ನೋಟು ಜೇಬಿನಲ್ಲಿರಲಿ. ಬೆಟ್ಟದ ಬುಡದಲ್ಲಿ ನೆಟ್‌ವರ್ಕ್ ಇಲ್ಲದಾಗ ಆಟೋದವನಿಗೆ ಐನೂರರ ನೋಟು ತೋರಿಸಿದರೆ ಇಬ್ಬರಿಗೂ ಬೇಜಾರು.

ಮುಂದಿನದು ಮೇಲುಕೋಟೆ. ಚೆಲುವನಾರಾಯಣ, ಕಲ್ಯಾಣಿ, ಪುಳಿಯೋಗರೆ, ಇಷ್ಟರ ಬಗ್ಗೆ ಭಿನ್ನಾಭಿಪ್ರಾಯವಿಲ್ಲ. ದಾರಿಯ ಬಗ್ಗೆ ಇದೆ. ಮಂಡ್ಯದವರೆಗೆ ರೈಲಿನಲ್ಲಿ ಹೋಗಿ ಅಲ್ಲಿಂದ ಬಸ್ ಹಿಡಿಯೋಣ ಎಂದು ಕೆಂಗೇರಿಯವನು; ರೈಲು ಅವನ ಮನೆ ಹತ್ತಿರವೇ ನಿಲ್ಲುತ್ತದೆ, ಅದಕ್ಕೇ ಎಂದು ಯಲಹಂಕದವನು. ರೈಲಿನಲ್ಲಿ ಶಕ್ತಿ ನಡೆಯುವುದಿಲ್ಲ ಎಂದು ರಾಜಾಜಿನಗರದವಳು. ತನಗೆ ಎರಡೂ ಒಂದೇ ಎಂದು ಕಾಸರಗೋಡಿನವಳು. ನಾನು ಮೇಲುಕೋಟೆಯಿಂದ ಮಂಡ್ಯಕ್ಕೆ ಸಂಜೆ ಯಾವ ಯಾವ ಬಸ್ಸಿದೆ ಎಂದು ವಿಚಾರಿಸುತ್ತಿದ್ದೇನೆ. ಅದು ಗೊತ್ತಾಗುವವರೆಗೆ ಜಗಳ ನಡೆಯಲಿ.