ನಿಮ್ಮ ತಂತ್ರಾಂಶ ಫೌಂಡೇಶನ್ ಸೇರಬೇಕೆ? ಮೊದಲು ಪಹಣಿ ಸರಿಮಾಡಿಕೊಳ್ಳಿ

ತಿಪಟೂರಿನ ಮಾರುಕಟ್ಟೆಗೆ ಬರುವ ಉಂಡೆ ಕೊಬ್ಬರಿಯ ಆವಕ, ಲಾಟಿನ ಸಂಖ್ಯೆ, ತೂಕ, ದರ ಇಷ್ಟನ್ನೂ ದಾಖಲಿಸಿ ರೈತರ ಮೊಬೈಲಿಗೆ ಕನ್ನಡದಲ್ಲೇ ಚೀಟಿ ಕಳಿಸುವ ತಂತ್ರಾಂಶ ಒಂದಿದೆ ಎಂದಿಟ್ಟುಕೊಳ್ಳಿ. ತುಮಕೂರಿನ ಎಂಜಿನಿಯರಿಂಗ್ ಕಾಲೇಜೊಂದರ ನಾಲ್ವರು ಅಂತಿಮ ವರ್ಷದ ಪ್ರಾಜೆಕ್ಟಿಗೆಂದು ಶುರುಮಾಡಿದ್ದು. ಅವರಲ್ಲಿ ಇಬ್ಬರು ಈಗ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ಕೋಡ್ ಗಿಟ್‌ಹಬ್ ಎಂಬ ಕೋಡ್ ಹಂಚುವ ಜಾಲತಾಣದಲ್ಲಿ ಎಲ್ಲರಿಗೂ ತೆರೆದಿದೆ. ಕೋಲಾರದ ಟೊಮೆಟೊ ಮಂಡಿಗೂ ಒಗ್ಗಿಸಿಕೊಡಿ ಎಂಬ ಬೇಡಿಕೆ ಬಂದಿದೆ. ನಾಲ್ವರೂ ಚದುರಿದರೆ ಇದರ ಗತಿಯೇನು ಎಂಬ ಪ್ರಶ್ನೆ ಆಗ ಏಳುತ್ತದೆ. ಇಂಥ ಯೋಜನೆಯನ್ನು ಸಾಫ್ಟ್‌ವೇರ್ ಫೌಂಡೇಶನ್ನಿಗೆ, ಅಂದರೆ ಮುಕ್ತ ತಂತ್ರಾಂಶಗಳಿಗೆ ಮನೆಯಾಗಿರುವ ಲಾಭರಹಿತ ಸಂಸ್ಥೆಗೆ, ಸೇರಿಸುವ ದಾರಿ ಹೇಗೆ ಎಂಬುದನ್ನು ಇದೇ ಉದಾಹರಣೆ ಹಿಡಿದು ನೋಡೋಣ.

ಕೋಡ್ ಎಷ್ಟು ಚೆನ್ನಾಗಿದೆ ಎಂಬುದು ಫೌಂಡೇಶನ್ನಿನ ಮೊದಲ ಪ್ರಶ್ನೆಯಲ್ಲ. ಅದು ಯಾರ ಹೆಸರಿನಲ್ಲಿದೆ, ನೀವು ಬಿಟ್ಟುಹೋದರೂ ನಡೆಯುತ್ತದೆಯೇ ಎಂಬುದನ್ನು ಅವರು ಮೊದಲು ನೋಡುತ್ತಾರೆ. ಪಹಣಿ ತಾತನ ಹೆಸರಿನಲ್ಲೇ ಇದ್ದು, ಪಾಲುದಾರರ ಸಹಿ ಇಲ್ಲದೆ ಜಮೀನಿನ ವ್ಯವಹಾರಕ್ಕೆ ಹೋದರೆ ಏನಾಗುತ್ತದೋ ಇಲ್ಲೂ ಅದೇ ಆಗುತ್ತದೆ.

ಯಾವ ಮನೆ?

ಕ್ಲೌಡ್ ಸರ್ವರುಗಳನ್ನು ನಡೆಸುವ ಮಟ್ಟದ ತಂತ್ರಾಂಶವಾದರೆ ಲಿನಕ್ಸ್ ಫೌಂಡೇಶನ್ನಿನ ಅಡಿಯಲ್ಲಿ 2015ರಲ್ಲಿ ಹುಟ್ಟಿದ ಸಿಎನ್‌ಸಿಎಫ್ (ಕ್ಲೌಡ್ ನೇಟಿವ್ ಕಂಪ್ಯೂಟಿಂಗ್ ಫೌಂಡೇಶನ್) ಇದೆ. ಹಲವು ಸರ್ವರುಗಳಲ್ಲಿ ತಂತ್ರಾಂಶ ಹಂಚಿ ನಡೆಸುವ ಕುಬರ್ನೆಟಿಸ್ ಇರುವುದು ಅಲ್ಲೇ. ಎಕ್ಲಿಪ್ಸ್ ಫೌಂಡೇಶನ್ನಿನಲ್ಲಿ ಪ್ರಸ್ತಾವವನ್ನು ಕನಿಷ್ಠ ಎರಡು ವಾರ ಸಾರ್ವಜನಿಕರ ಮುಂದಿಡುತ್ತಾರೆ. ಆಡಳಿತದ ಚೌಕಟ್ಟು ಬೇಡ, ದೇಣಿಗೆ ಹಣ ಇಟ್ಟುಕೊಳ್ಳಲು ಒಂದು ಕಾನೂನುಬದ್ಧ ಸಂಸ್ಥೆ ಸಾಕು ಎನ್ನುವವರಿಗೆ ಡೆಬಿಯನ್ ಎಂಬ ಆಪರೇಟಿಂಗ್ ಸಿಸ್ಟಂಗೆ ಆಸರೆಯಾಗಿರುವ ಸಾಫ್ಟ್‌ವೇರ್ ಇನ್ ದಿ ಪಬ್ಲಿಕ್ ಇಂಟರೆಸ್ಟ್ ಇದೆ, ಕೋಡಿನ ಪ್ರತಿ ಬದಲಾವಣೆಯ ದಾಖಲೆ ಇಡುವ ಗಿಟ್‌ಗೆ ಆಸರೆಯಾಗಿರುವ ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ ಇದೆ. ಮೊದಲನೆಯದು ಬಂದ ಹಣದಲ್ಲಿ ಶೇ 5, ಎರಡನೆಯದು ಶೇ 10 ಇಟ್ಟುಕೊಳ್ಳುತ್ತದೆ.

ನಮ್ಮ ಕೊಬ್ಬರಿ ತಂತ್ರಾಂಶದಂಥದ್ದಕ್ಕೆ ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್ ಹೊಂದುತ್ತದೆ. 1999ರಲ್ಲಿ ನೋಂದಣಿಯಾದ ಈ ಸಂಸ್ಥೆ ಹೊಸಬರನ್ನು ಪಳಗಿಸಲೆಂದೇ 2002ರಲ್ಲಿ ಇನ್‌ಕ್ಯುಬೇಟರ್ ತೆರೆಯಿತು. ಸೇರಲು ಶುಲ್ಕವಿಲ್ಲ. ಅಲ್ಲಿನ ನಿಯಮಗಳು ಕಟ್ಟುನಿಟ್ಟು, ಆದರೆ ಎಲ್ಲವೂ ಬರಹದಲ್ಲಿವೆ. ಹಳ್ಳಿಯಲ್ಲಿ ಕೂತವನಿಗೂ ಅಮೆರಿಕದಲ್ಲಿ ಕೂತವನಿಗೂ ಒಂದೇ ಅಳತೆ. ಮುಂದಿನ ಹಂತಗಳು ಅದರದ್ದೇ.

ಪಾಲುದಾರರ ಪಟ್ಟಿ

ಗಿಟ್‌ನ ಶಾರ್ಟ್‌ಲಾಗ್ ಆಜ್ಞೆಗೆ ಎಸ್, ಎನ್, ಇ ಎಂಬ ಮೂರು ಆಯ್ಕೆ ಜೋಡಿಸಿ ಓಡಿಸಿ. ಕೋಡ್ ಸೇರಿಸಿದ ಪ್ರತಿಯೊಬ್ಬರ ಹೆಸರು, ಇಮೇಲ್, ಎಷ್ಟು ಕಮಿಟ್ (ದಾಖಲಾದ ಬದಲಾವಣೆ) ಎಂಬ ಲೆಕ್ಕ ಸಾಲಾಗಿ ಬರುತ್ತದೆ. ನಾಲ್ವರ ಯೋಜನೆಯಲ್ಲಿ ಹನ್ನೊಂದು ಸಾಲು ಬಂದರೆ ಗಾಬರಿಯಾಗಬೇಡಿ. ಒಬ್ಬರೇ ಕಾಲೇಜಿನ ಇಮೇಲ್, ಜಿಮೇಲ್, ಕಚೇರಿಯ ಇಮೇಲ್ ಹೀಗೆ ಮೂರು ಅವತಾರದಲ್ಲಿ ಇರುತ್ತಾರೆ. ಮೇಲ್‌ಮ್ಯಾಪ್ ಎಂಬ ಕಡತ ಬರೆದರೆ ಇವೆಲ್ಲ ಒಂದೇ ಹೆಸರಿನಡಿ ಸೇರುತ್ತವೆ. ಸೇರಿಸುವ ಮೊದಲು ಪಟ್ಟಿಯ ಒಂದು ಪ್ರತಿ ತೆಗೆದಿಟ್ಟುಕೊಳ್ಳಿ. ಆ ಇಮೇಲುಗಳೇ ಮುಂದಿನ ತನಿಖೆಗೆ ಸುಳಿವು.

ಕಚೇರಿಯ ಇಮೇಲಿನಿಂದ ಬಂದ ಕಮಿಟ್ ಇದೆಯೇ? ಅಲ್ಲಿ ನಿಲ್ಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ನೌಕರಿಯ ಭಾಗವಾಗಿ ಬರೆದುದರ ಮೊದಲ ಒಡೆಯ ಕಂಪನಿ. ಶನಿವಾರ ಮನೆಯಲ್ಲಿ ಕೂತು ಬರೆದದ್ದು ಕಾಯ್ದೆಯ ಮಟ್ಟಿಗೆ ನೌಕರನದ್ದೇ ಇರಬಹುದು. ಆದರೆ ಅನೇಕ ನೇಮಕಾತಿ ಪತ್ರಗಳು ಕೆಲಸದಲ್ಲಿರುವಷ್ಟು ಕಾಲ ಬರೆದ ಎಲ್ಲವನ್ನೂ ಕಂಪನಿಯ ಹೆಸರಿಗೆ ಬರೆಸಿಕೊಂಡಿರುತ್ತವೆ. ಆ ಪತ್ರ ತೆಗೆದು ಓದಿ. ಅನುಮಾನ ಬಂದರೆ ಕಂಪನಿಯಿಂದ ‘ಸಿಸಿಎಲ್‌ಎ’ (ಕಾರ್ಪೊರೇಟ್ ಕಾಂಟ್ರಿಬ್ಯೂಟರ್ ಲೈಸೆನ್ಸ್ ಅಗ್ರಿಮೆಂಟ್) ಎಂಬ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿಸಿ. ಮಾನವ ಸಂಪನ್ಮೂಲ ವಿಭಾಗಕ್ಕೆ ಕೊಟ್ಟರೆ ಅದು ಟೇಬಲ್‌ನಿಂದ ಟೇಬಲ್‌ಗೆ ಅಲೆಯುತ್ತಲೇ ಇರುತ್ತದೆ. ನೇರ ಕಾನೂನು ವಿಭಾಗಕ್ಕೆ ತಲುಪಿಸಿ.

ಕಾಲೇಜಿನ ವಿಷಯವೂ ಇದೆ. ಪ್ರಾಜೆಕ್ಟ್ ಕೆಲಸದ ಹಕ್ಕು ಯಾರದ್ದೆಂದು ಕಾಲೇಜಿನ ನಿಯಮಾವಳಿ ಹೇಳಿದ್ದರೆ ಅದರಂತೆ, ಹೇಳದಿದ್ದರೆ ಪ್ರಾಂಶುಪಾಲರಿಂದ ‘ನಮ್ಮ ಆಕ್ಷೇಪವಿಲ್ಲ’ ಎಂಬ ಒಂದು ಪುಟದ ಪತ್ರ ಪಡೆಯಿರಿ. ಮಾರ್ಗದರ್ಶಕ ಮೇಷ್ಟ್ರು ಒಂದು ಮಾಡ್ಯೂಲ್ ತಾವೇ ಬರೆದಿದ್ದರೆ ಅವರೂ ಪಾಲುದಾರರು. ಪಿಯುಸಿ ಓದುತ್ತಿರುವ ತಮ್ಮನೊಬ್ಬ ಪರದೆಯ ವಿನ್ಯಾಸ ಮಾಡಿಕೊಟ್ಟಿದ್ದರೆ ಅವನ ಸಹಿ ಸಾಲದು. 18 ತುಂಬದವರ ಕರಾರಿಗೆ 1872ರ ಕರಾರು ಕಾಯ್ದೆಯಲ್ಲಿ ಬೆಲೆಯಿಲ್ಲ. ಆ ಭಾಗವನ್ನು ಇನ್ನೊಬ್ಬರು ಹೊಸದಾಗಿ ಬರೆಯುವುದು ಎಲ್ಲಕ್ಕಿಂತ ಸುಲಭ.

ಹಲವರು ಮಾಡುವ ತಪ್ಪೊಂದಿದೆ. ನಾಲ್ವರೂ ಸೇರಿ ‘ನಮ್ಮ ಹಕ್ಕುಗಳನ್ನು ಇಂಥವರಿಗೆ ಬಿಟ್ಟುಕೊಟ್ಟಿದ್ದೇವೆ’ ಎಂದು ಛಾಪಾ ಕಾಗದದ ಮೇಲೆ ಬರೆದು ಇಟ್ಟುಕೊಳ್ಳುತ್ತಾರೆ. ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನಂತೆ, ಹಕ್ಕು ವರ್ಗಾವಣೆ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಅದು 5 ವರ್ಷಕ್ಕೆ ಮಾತ್ರ. ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ. ಐದು ವರ್ಷ ಕಳೆದ ಮೇಲೆ ಹಕ್ಕು ಮತ್ತೆ ಮೂಲದವರ ಮನೆಗೆ ಹೋಗಿರುತ್ತದೆ. ಇಂಥ ಪತ್ರ ಬರೆಸುವುದಾದರೆ ಅವಧಿ, ಪ್ರದೇಶ ಎರಡನ್ನೂ ಅಕ್ಷರದಲ್ಲಿ ಬರೆಸಿ.

ಅಪಾಚೆಗೆ ಕೃತಿಸ್ವಾಮ್ಯವನ್ನೇ ಬರೆದುಕೊಡಬೇಕಿಲ್ಲ ಎಂಬುದು ನೆಮ್ಮದಿಯ ವಿಷಯ. ಒಡೆತನ ನಿಮ್ಮದೇ ಉಳಿಯುತ್ತದೆ. ಬಳಸಲು, ಹಂಚಲು ಅವರಿಗೆ ಕಾಯಂ ಪರವಾನಗಿ ಕೊಡುತ್ತೀರಿ. ಇದುವರೆಗಿನ ಕೋಡಿಗೆ ‘ಸಾಫ್ಟ್‌ವೇರ್ ಗ್ರಾಂಟ್’, ಮುಂದೆ ಕೆಲಸ ಮಾಡುವ ಪ್ರತಿ ಕಮಿಟರ್‌ನಿಂದ (ನೇರ ಕೋಡ್ ಸೇರಿಸುವ ಹಕ್ಕುಳ್ಳವರು) ‘ಐಸಿಎಲ್‌ಎ’ ಎಂಬ ವೈಯಕ್ತಿಕ ಒಪ್ಪಿಗೆ ಪತ್ರ. ಈ ಅರ್ಜಿಯಲ್ಲಿ ನಮ್ಮ ಕಡೆಯವರಿಗೆ ತೊಡಕಾಗುವುದು ಹೆಸರು. ಇನಿಷಿಯಲ್ ಬಿಡಿಸಿ, ಅಧಿಕೃತ ದಾಖಲೆಯಲ್ಲಿ ಇರುವಂತೆ ಪೂರ್ತಿ ಬರೆಯಿರಿ. ಮುದ್ರಿಸಿ, ಪೆನ್ನಿನಲ್ಲಿ ಸಹಿ ಹಾಕಿ, ಸ್ಕ್ಯಾನ್ ಮಾಡಿ ಕಳಿಸಿ. ಓರೆ ಅಕ್ಷರದ ಫಾಂಟ್‌ನಲ್ಲಿ ಟೈಪ್ ಮಾಡಿದ ಹೆಸರನ್ನು ಸಹಿ ಎಂದು ಒಪ್ಪುವುದಿಲ್ಲ. ಆಧಾರ್ ಪ್ರತಿ ಕೇಳುವುದಿಲ್ಲ, ನೀವಾಗಿ ಲಗತ್ತಿಸಲೂ ಬೇಡಿ.

ಕೋಡಿನೊಳಗಿನ ಪರರ ಸೊತ್ತು

ಅಪಾಚೆ ಬೇರೆಯವರ ಕೋಡಿನ ಬಳಕೆಯ ಷರತ್ತುಗಳನ್ನು, ಅಂದರೆ ಲೈಸೆನ್ಸುಗಳನ್ನು, ಎ, ಬಿ, ಎಕ್ಸ್ ಎಂದು ಮೂರು ಗುಂಪು ಮಾಡಿದೆ. ಎಂಐಟಿ, ಬಿಎಸ್‌ಡಿ ಮುಂತಾದವು ಎ: ತೊಂದರೆಯಿಲ್ಲ. ಮೊಜಿಲ್ಲಾ, ಎಕ್ಲಿಪ್ಸ್ ಲೈಸೆನ್ಸುಗಳು ಬಿ: ಕಂಪೈಲ್ ಆದ (ಓಡಿಸಲು ಸಿದ್ಧವಾದ) ರೂಪದಲ್ಲಿ, ಷರತ್ತಿನ ಮೇಲೆ. ಜಿಪಿಎಲ್, ಎಲ್‌ಜಿಪಿಎಲ್, ಎಜಿಪಿಎಲ್ ಎಕ್ಸ್: ಬಿಡುಗಡೆಯೊಳಗೆ ಜಾಗವಿಲ್ಲ.

ಕಾಲೇಜು ಪ್ರಾಜೆಕ್ಟುಗಳಲ್ಲಿ ಮತ್ತೆ ಮತ್ತೆ ಸಿಕ್ಕಿಬೀಳುವುದು ಎರಡು. ತೂಕದ ಚೀಟಿಯನ್ನು ಪಿಡಿಎಫ್ ಮಾಡಲು ಬಳಸುವ ಐಟೆಕ್ಸ್ಟ್ ಎಂಬ ಲೈಬ್ರರಿ (ಸಿದ್ಧ ಕೋಡಿನ ಕಟ್ಟು) 5ನೇ ಆವೃತ್ತಿಯಿಂದ ಎಜಿಪಿಎಲ್. ಅದರ ಜಾಗಕ್ಕೆ ಅಪಾಚೆಯದ್ದೇ ಪಿಡಿಎಫ್‌ಬಾಕ್ಸ್ ಇದೆ. ಆದರೆ ಕನ್ನಡದ ಒತ್ತಕ್ಷರಗಳು ಪಿಡಿಎಫ್‌ನಲ್ಲಿ ಸರಿಯಾಗಿ ಮೂಡುತ್ತವೆಯೇ ಎಂದು ‘ತಿಪಟೂರು ಕೃಷಿ ಉತ್ಪನ್ನ’ ಎಂದು ಮುದ್ರಿಸಿ ನೋಡಿಯೇ ಬದಲಿಸಿ. ಎರಡನೆಯದು ಮೈಎಸ್‌ಕ್ಯೂಎಲ್ ಡೇಟಾಬೇಸಿಗೆ ಕೊಂಡಿಯಾಗುವ ಜಾವಾ ಕನೆಕ್ಟರ್. ಅದು ಜಿಪಿಎಲ್. ಮರಿಯಾಡಿಬಿಯ ಕನೆಕ್ಟರ್ ಹಾಕಿದರೆ ಆಯಿತಲ್ಲ ಎನ್ನುವಂತಿಲ್ಲ, ಅದು ಎಲ್‌ಜಿಪಿಎಲ್. ಪೋಸ್ಟ್‌ಗ್ರೆಸ್‌ಗೆ ಬದಲಾದರೆ ಬಿಎಸ್‌ಡಿ ಲೈಸೆನ್ಸಿನ ಡ್ರೈವರ್ ಸಿಗುತ್ತದೆ.

ಕನ್ನಡ ತಂತ್ರಾಂಶದಲ್ಲಿ ಫಾಂಟುಗಳನ್ನು ಮರೆಯಬೇಡಿ. ಲೋಹಿತ್ ಕನ್ನಡ, ನೋಟೋ ಕನ್ನಡ ಎರಡೂ ಈಗ ಓಪನ್ ಫಾಂಟ್ ಲೈಸೆನ್ಸಿನಲ್ಲಿವೆ. ಅದು ಬಿ ಗುಂಪು, ಲೈಸೆನ್ಸ್ ಕಡತದಲ್ಲಿ ನಮೂದಿಸಲೇಬೇಕು. ಆದರೆ ಲೋಹಿತ್‌ನ ಹಳೆಯ ಆವೃತ್ತಿಗಳು ಜಿಪಿಎಲ್ ಆಗಿದ್ದವು. ಯಾರೋ ಪೆನ್‌ಡ್ರೈವಿನಲ್ಲಿ ಕೊಟ್ಟ ಫಾಂಟ್ ಹಾಗೇ ಸೇರಿಕೊಂಡಿದ್ದರೆ ತೆಗೆದು, ಮೂಲದಿಂದ ಹೊಸದು ಇಳಿಸಿಕೊಳ್ಳಿ. ಎಲ್ಲಿಂದ ಬಂತೆಂದು ಹೇಳಲಾಗದ ಕೋಡಿನ ತುಣುಕುಗಳಿಗೂ ಇದೇ ಮಾತು: ಅಳಿಸಿ, ಮತ್ತೆ ಬರೆಯಿರಿ.

ಪರೀಕ್ಷೆಗೆಂದು ಇಟ್ಟ ಸಿಎಸ್‌ವಿ (ಮಾಹಿತಿ ಪಟ್ಟಿಯ) ಕಡತವನ್ನು ತೆರೆದು ನೋಡಿ. ಅಲ್ಲಿ ನಿಜವಾದ ರೈತರ ಹೆಸರು, ಫೋನ್, ಬ್ಯಾಂಕ್ ಖಾತೆ ಸಂಖ್ಯೆ ಇರುವ ಸಾಧ್ಯತೆ ಹೆಚ್ಚು. ಈಗ ಅಳಿಸಿದರೂ ಗಿಟ್‌ನ ಇತಿಹಾಸದಲ್ಲಿ ಉಳಿದಿರುತ್ತದೆ, ಫೌಂಡೇಶನ್ನಿಗೆ ಹೋಗುವಾಗ ಆ ಇತಿಹಾಸವೂ ಜೊತೆಗೇ ಹೋಗುತ್ತದೆ. ಕಡತವನ್ನು ಇತಿಹಾಸದಿಂದಲೇ ತೆಗೆಯುವ ಫಿಲ್ಟರ್-ರೆಪೊ ಎಂಬ ಸಾಧನವಿದೆ; ಅದನ್ನು ಓಡಿಸಿದ ಮೇಲೆ ಎಲ್ಲರೂ ಹೊಸ ಪ್ರತಿ ಇಳಿಸಿಕೊಳ್ಳಬೇಕು, ಇಲ್ಲವಾದರೆ ಹಳೆಯ ಪ್ರತಿಯಿಂದ ಅದೇ ಕಡತ ವಾಪಸ್ ಬರುತ್ತದೆ. ಪಾಸ್‌ವರ್ಡ್ ಸೋರಿದ್ದರೆ ಇತಿಹಾಸ ತೊಳೆಯುವುದರಿಂದ ಪ್ರಯೋಜನವಿಲ್ಲ, ಪಾಸ್‌ವರ್ಡನ್ನೇ ಬದಲಿಸಬೇಕು.

ಹೆಸರು

2011ರಲ್ಲಿ ಹಡ್ಸನ್ ಎಂಬ ತಂತ್ರಾಂಶದ ಬಳಗಕ್ಕೂ ಒರಾಕಲ್ ಕಂಪನಿಗೂ ಹೆಸರಿನ ಹಕ್ಕಿನ ವಿಷಯಕ್ಕೆ ಭಿನ್ನಾಭಿಪ್ರಾಯ ಬಂದು, ಬಳಗ ಜೆಂಕಿನ್ಸ್ ಎಂಬ ಹೊಸ ಹೆಸರಿನಲ್ಲಿ ಬೇರೆ ಸಂಸಾರ ಹೂಡಬೇಕಾಯಿತು. ಫೌಂಡೇಶನ್ನುಗಳು ಹೆಸರನ್ನು ತಮ್ಮ ವಶಕ್ಕೆ ಕೇಳುವುದು ಇದಕ್ಕೇ. ಕೋಡನ್ನು ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದು, ಹೆಸರು ಒಂದೇ ಇರುವುದು.

‘ಕೊಬ್ಬರಿ’ ಎಂಬ ಹೆಸರು ಮುದ್ದಾಗಿದೆ, ಆದರೆ ಕೊಬ್ಬರಿ ವ್ಯಾಪಾರದ ತಂತ್ರಾಂಶಕ್ಕೆ ಆ ಹೆಸರನ್ನು ಕಾಪಾಡಿಕೊಳ್ಳುವುದು ಕಷ್ಟ. ವಸ್ತುವಿನ ಹೆಸರನ್ನೇ ಇಟ್ಟರೆ ಟ್ರೇಡ್‌ಮಾರ್ಕ್ ದುರ್ಬಲ. ಸಂಬಂಧವಿಲ್ಲದ ಅಥವಾ ಹೊಸದಾಗಿ ಕಟ್ಟಿದ ಪದ ಗಟ್ಟಿ. ಭಾರತದ ಟ್ರೇಡ್‌ಮಾರ್ಕ್ ನೋಂದಣಿಯ ಜಾಲತಾಣದಲ್ಲಿ 9 ಮತ್ತು 42ನೇ ವರ್ಗಗಳಲ್ಲಿ ಉಚಿತವಾಗಿ ಹುಡುಕಬಹುದು: ಮೊದಲನೆಯದು ತಂತ್ರಾಂಶ, ಎರಡನೆಯದು ತಂತ್ರಾಂಶ ಸೇವೆ. ಕನ್ನಡದ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಎಷ್ಟು ಬಗೆಯಲ್ಲಿ ಬರೆಯಬಹುದೋ ಅಷ್ಟೂ ಹುಡುಕಿ. ಒಂದು ಬಿ, ಎರಡು ಬಿ ಎಲ್ಲ. ಡೊಮೈನ್, ಪ್ಲೇ ಸ್ಟೋರ್ ಖಾತೆ, ಡಾಕರ್ ಹಬ್ ಖಾತೆ ಯಾರ ಸ್ವಂತ ಇಮೇಲಿಗೆ ಅಂಟಿಕೊಂಡಿವೆ ಎಂದು ಈಗಲೇ ಬರೆದಿಡಿ. ಇವೂ ಕೈ ಬದಲಾಗಬೇಕು.

ಪ್ರಸ್ತಾವ, ಮತ

ಮೊದಲು ಒಬ್ಬ ‘ಚಾಂಪಿಯನ್’ ಬೇಕು: ಫೌಂಡೇಶನ್ನಿನ ಸದಸ್ಯ ಅಥವಾ ಅಧಿಕಾರಿ, ನಿಮ್ಮ ಪರ ಮಾತಾಡುವವರು. ಸಂಬಂಧದ ಬೇರೊಂದು ಅಪಾಚೆ ಯೋಜನೆಯಲ್ಲಿ ಕೆಲವು ತಿಂಗಳು ದೋಷ ತಿದ್ದುವ ಕೆಲಸ ಮಾಡಿದರೆ ಇಂಥವರ ಪರಿಚಯ ತಾನಾಗಿ ಆಗುತ್ತದೆ. ಗುರುತಿಲ್ಲದವರಿಗೆ ಬರೆದ ಪತ್ರಕ್ಕಿಂತ ಇದು ಬೇಗ ಫಲ ಕೊಡುತ್ತದೆ. ಜೊತೆಗೆ ಸಾಮಾನ್ಯವಾಗಿ ಮೂವರು ಮಾರ್ಗದರ್ಶಕರು.

ಪ್ರಸ್ತಾವದಲ್ಲಿ ಹೊಗಳಿಕೆ ಬೇಡ. ತಂತ್ರಾಂಶ ಏನು ಮಾಡುತ್ತದೆ, ಯಾರು ಬಳಸುತ್ತಿದ್ದಾರೆ, ಅವಲಂಬಿಸಿದ ಲೈಬ್ರರಿಗಳು ಯಾವುವು, ಕಮಿಟರ್‌ಗಳು ಯಾರು ಎಂದು ಬರೆಯಿರಿ. ಅಪಾಯಗಳ ವಿಭಾಗವನ್ನು ಮುಚ್ಚುಮರೆಯಿಲ್ಲದೆ ತುಂಬಿ. ‘ನಾಲ್ವರಲ್ಲಿ ಮೂವರು ಒಂದೇ ಊರಿನವರು, ಒಂದೇ ಬ್ಯಾಚಿನವರು’ ಎಂದು ಬರೆದರೆ ತಿರಸ್ಕಾರವಾಗುವುದಿಲ್ಲ. ಬರೆಯದೆ ಆಮೇಲೆ ಗೊತ್ತಾದರೆ ನಂಬಿಕೆ ಹೋಗುತ್ತದೆ. ಚರ್ಚೆ ತಣ್ಣಗಾದ ಮೇಲೆ ಮತಕ್ಕೆ ಹಾಕುತ್ತಾರೆ. ಕನಿಷ್ಠ 72 ಗಂಟೆ, ಇನ್‌ಕ್ಯುಬೇಟರ್ ಸಮಿತಿಯವರ ಕನಿಷ್ಠ ಮೂರು ‘ಪ್ಲಸ್ ಒನ್’ (ಪರ ಮತ), ಜೊತೆಗೆ ವಿರೋಧಕ್ಕಿಂತ ಪರ ಹೆಚ್ಚಿರಬೇಕು. ಗೆದ್ದರೆ ನಿಮ್ಮದು ‘ಪಾಡ್ಲಿಂಗ್’, ಅಂದರೆ ಇನ್‌ಕ್ಯುಬೇಟರ್‌ನಲ್ಲಿ ಪಳಗುತ್ತಿರುವ ಯೋಜನೆ.

ಒಳಗೆ ಹೋದ ಮೇಲೆ

ತುಮಕೂರಿನ ಕಡೆ ತೆಂಗಿನಕಾಯಿ ಅಟ್ಟಕ್ಕೆ ಏರಿದರೆ ಹತ್ತು–ಹನ್ನೊಂದು ತಿಂಗಳು ಕೈ ಹಾಕುವುದಿಲ್ಲ. ನೀರು ಇಂಗಿ, ಅಲುಗಾಡಿಸಿದಾಗ ಉಂಡೆ ಲೊಟಲೊಟ ಅನ್ನಬೇಕು. ಪಾಡ್ಲಿಂಗ್ ಹದಕ್ಕೆ ಬರಲು ಅದಕ್ಕೂ ಹೆಚ್ಚು ಕಾಲ ಬೇಕಾಗುವುದೇ ಸಾಮಾನ್ಯ. ಇಂತಿಷ್ಟೇ ದಿನ ಎಂಬ ಗಡುವಿಲ್ಲ.

ನಮ್ಮವರಿಗೆ ಎಲ್ಲಕ್ಕಿಂತ ಕಷ್ಟವಾಗುವುದು ವಾಟ್ಸ್ಆ್ಯಪ್ ಗುಂಪು ಬಿಡುವುದು. ಮೇಲಿಂಗ್ ಲಿಸ್ಟ್‌ನಲ್ಲಿ (ಎಲ್ಲರಿಗೂ ತಲುಪುವ ಇಮೇಲ್ ಪಟ್ಟಿ) ನಡೆಯದ ನಿರ್ಧಾರ ನಿರ್ಧಾರವೇ ಅಲ್ಲ ಎಂಬುದು ಅಪಾಚೆಯ ಮೂಲ ನಿಯಮ. ರೈಲಿನಲ್ಲಿ ಕೂತು ಇಬ್ಬರು ಮಾತಾಡಿಕೊಂಡು ಡೇಟಾಬೇಸ್ ಬದಲಿಸಿದರೆ, ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ಹರಾಜಿಗೆ ಇದನ್ನು ಹೊಂದಿಸುತ್ತಿರುವ ಮೂರನೆಯವರಿಗೆ ಕಾರಣ ಗೊತ್ತೇ ಆಗುವುದಿಲ್ಲ. ಅವರು ಎರಡು ಸಲ ನೋಡಿ ದೂರ ಸರಿಯುತ್ತಾರೆ. ರೈಲಿನಲ್ಲಿ ಮಾತಾಡಿ, ಬೇಡವೆನ್ನುವವರಿಲ್ಲ. ಇಳಿದ ಮೇಲೆ ಸಾರಾಂಶ ಬರೆದು ಲಿಸ್ಟ್‌ಗೆ ಹಾಕಿ, ಮೂರು ದಿನ ಬಿಟ್ಟು ಜಾರಿ ಮಾಡಿ. ಮತಗಳನ್ನು ಸಿದ್ಧಗಂಗೆ ಜಾತ್ರೆ, ಗೌರಿ–ಗಣೇಶ ಹಬ್ಬದ ದಿನಗಳಲ್ಲಿ ಕರೆಯಬೇಡಿ. ಮೊದಲ ಮೂರು ತಿಂಗಳು ಪ್ರತಿ ತಿಂಗಳು, ಆಮೇಲೆ ಮೂರು ತಿಂಗಳಿಗೊಮ್ಮೆ ವರದಿ ಕೊಡಬೇಕು. ಒಂದು ತಪ್ಪಿದರೆ ಮುಂದಿನ ತಿಂಗಳು ಮತ್ತೆ ಕೇಳುತ್ತಾರೆ.

ಮೊದಲ ಬಿಡುಗಡೆ ಒಂದೇ ಏಟಿಗೆ ಪಾಸಾಗುವುದು ಅಪರೂಪ. ಕೊಡಬೇಕಾದದ್ದು ಮೂಲ ಕೋಡಿನ ಪೊಟ್ಟಣ. ಅದರೊಳಗೆ ಲೈಸೆನ್ಸ್, ನೋಟಿಸ್, ಡಿಸ್ಕ್ಲೇಮರ್ ಎಂಬ ಮೂರು ಕಡತ, ಹೆಸರಿನಲ್ಲಿ ‘ಇನ್‌ಕ್ಯುಬೇಟಿಂಗ್’ ಎಂಬ ಪದ, ಹೊರಗೆ ಜಿಪಿಜಿ ಎಂಬ ಡಿಜಿಟಲ್ ಸಹಿ ಮತ್ತು ಕಡತ ಬದಲಾಗಿಲ್ಲವೆಂದು ತೋರಿಸುವ ಎಸ್‌ಎಚ್‌ಎ-512 ಮೊತ್ತ. ಹಳೆಯ ಎಂಡಿ5 ಮೊತ್ತ ಈಗ ನಡೆಯುವುದಿಲ್ಲ. ಲಿಬ್ ಎಂಬ ಫೋಲ್ಡರಿನಲ್ಲಿ ಒಂದು ಜಾರ್ (ಕಂಪೈಲ್ ಆದ ಜಾವಾ ಕೋಡ್) ಕಡತ ಅಡಗಿ ಕೂತಿದ್ದರೂ ‘ಮೈನಸ್ ಒನ್’ (ವಿರೋಧ ಮತ) ಬೀಳಬಹುದು. ಪೊಟ್ಟಣವನ್ನು ಬೇರೊಂದು ಕಂಪ್ಯೂಟರಿನಲ್ಲಿ, ಹೊಸ ಫೋಲ್ಡರಿನಲ್ಲಿ ಬಿಚ್ಚಿ, ಕಟ್ಟಿ, ಓಡಿಸಿ ನೋಡಿದ ಮೇಲೆಯೇ ಮತಕ್ಕೆ ಹಾಕಿ. ಮತ ಎರಡು ಸುತ್ತು: ನಿಮ್ಮ ಲಿಸ್ಟ್‌ನಲ್ಲಿ 72 ಗಂಟೆ, ಆಮೇಲೆ ಇನ್‌ಕ್ಯುಬೇಟರ್‌ನಲ್ಲಿ 72 ಗಂಟೆ. ಜಿಪಿಜಿ ಕೀಲಿಯಿಂದ ಸಹಿ ಹಾಕಬಲ್ಲವರು ಒಬ್ಬರೇ ಆಗಿರದಂತೆ ನೋಡಿಕೊಳ್ಳಿ. ಎರಡನೇ ಬಿಡುಗಡೆಯನ್ನು ಬೇರೊಬ್ಬರು ತಮ್ಮ ಕೀಲಿಯಿಂದ ಮಾಡಲಿ.

ಹೊಸ ಕಮಿಟರ್‌ಗಳು ಬಂದು, ಹಲವರ ಕೈಯಲ್ಲಿ ಬಿಡುಗಡೆಗಳು ನಡೆದು, ಹೆಸರಿನ ತಪಾಸಣೆ ಮುಗಿದಿದ್ದರೆ ಪದವಿಯ, ಅಂದರೆ ಇನ್‌ಕ್ಯುಬೇಟರ್ ದಾಟಿ ಪೂರ್ಣ ಯೋಜನೆಯಾಗುವ, ಮತ ಕರೆಯಬಹುದು. ಅಂತಿಮ ನಿರ್ಣಯ ಫೌಂಡೇಶನ್ನಿನ ಆಡಳಿತ ಮಂಡಳಿಯ ತಿಂಗಳ ಸಭೆಯದ್ದು. ಅದು ಅಂಗೀಕಾರವಾದ ದಿನವೇ ಡಿಸ್ಕ್ಲೇಮರ್ ಕಡತ ಅಳಿಸಿ, ‘ಇನ್‌ಕ್ಯುಬೇಟಿಂಗ್’ ಪದ ತೆಗೆಯಿರಿ. ಮುಂದಿನ ಮೂರು ತಿಂಗಳು ಮತ್ತೆ ತಿಂಗಳ ವರದಿ ಇರುತ್ತದೆ, ಈ ಸಲ ನೇರ ಮಂಡಳಿಗೆ.