ಕಣ್ಣಿಗೆ ಹೊಟ್ಟು ಬಿತ್ತೇ? ಡ್ರಾಪ್ಸ್ ಕೊಳ್ಳುವ ಮೊದಲು ಇದನ್ನು ಓದಿ

ರಾಗಿ ಒಕ್ಕಣೆ ಶುರುವಾಯಿತೆಂದರೆ ಕೋಲಾರ ಜಿಲ್ಲೆಯಲ್ಲಿ ಕಣ್ಣಿನ ಹುಣ್ಣು ಮಾಡಿಕೊಂಡು ಬರುವವರು ಜಾಸ್ತಿ. ತೂರುವಾಗ ಹೊಟ್ಟು ಬಿತ್ತು ಎಂದು ಒಬ್ಬರು, ಹುರುಳಿ ಬಡಿಯುವಾಗ ಸಿಪ್ಪೆ ಸಿಡಿಯಿತು ಎಂದು ಇನ್ನೊಬ್ಬರು, ಮುಸುಕಿನ ಜೋಳದ ಗರಿ ಗೀರಿತು ಎಂದು ಮತ್ತೊಬ್ಬರು. ಕಣ ಮಾಡಲು ಪುರುಸೊತ್ತಿಲ್ಲದವರು ಟಾರ್ ರಸ್ತೆಯ ಮೇಲೇ ತೆನೆ ಹರಡಿರುತ್ತಾರೆ. ಅಲ್ಲಿ ಬೈಕಿನಲ್ಲಿ ಹೋಗುವವರಿಗೂ ಒಂದು ಪಾಲು.

ಬಿದ್ದ ಚೂರು ಅರ್ಧ ದಿನದಲ್ಲಿ ಹೊರಗೆ ಬಂದಿರುತ್ತದೆ. ಅದು ಗೀರಿದ ಜಾಗದಲ್ಲಿ ಸೂಕ್ಷ್ಮಜೀವಿ ಕೂತಿರುತ್ತದೆ. ಅದು ಯಾವುದೆಂದು ಯಾರಿಗೂ ಗೊತ್ತಾಗುವ ಮೊದಲೇ ಮೂರು ಬಗೆಯ ಡ್ರಾಪ್ಸ್ ಕಣ್ಣಿಗೆ ಬಿದ್ದಾಗಿರುತ್ತದೆ. ನಾನು ಕಣ್ಣಿನ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ನಮ್ಮಲ್ಲಿಗೆ ಬರುವವರು ಮಾಡಿಕೊಂಡು ಬರುವ ಎಡವಟ್ಟುಗಳು ವರ್ಷವರ್ಷವೂ ಅವೇ. ಅದಕ್ಕೇ ಏನು ಮಾಡಬೇಕು ಎಂದು ಕ್ರಮವಾಗಿ ಬರೆಯುತ್ತಿದ್ದೇನೆ.

1. ತೊಳೆಯಿರಿ

ಕುಡಿಯುವ ನೀರನ್ನು ತೊಳೆದ ಲೋಟದಲ್ಲಿ ತೆಗೆದುಕೊಂಡು, ಕಣ್ಣು ಮಿಟುಕಿಸುತ್ತಾ ತೊಳೆಯಿರಿ. ಉಜ್ಜಬೇಡಿ. ಸೆರಗಿನ ತುದಿ, ಟವಲ್, ಬೇರೆಯವರ ನಾಲಿಗೆ, ಯಾವುದೂ ಬೇಡ. ನಂದಿಬಟ್ಟಲು ಹೂವಿನ ರಸ, ಹರಳೆಣ್ಣೆ, ಎದೆಹಾಲು, ಜೇನು ಕೂಡ ಬೇಡ. ಅಂಗಡಿಯಲ್ಲಿ ಸಿಗುವ ಗುಲಾಬಿ ನೀರು, ಕಣ್ಣು ತೊಳೆಯುವ ಪ್ಲಾಸ್ಟಿಕ್ ಕಪ್ ಇವಕ್ಕೆ ದುಡ್ಡು ದಂಡ. ಆ ಕಪ್ಪನ್ನು ಮನೆಯವರೆಲ್ಲಾ ಬಳಸಿ, ತೊಳೆಯದೆ ಬಚ್ಚಲಲ್ಲಿ ಇಟ್ಟಿರುತ್ತಾರೆ.

ತೊಳೆದ ಮೇಲೂ ಚುಚ್ಚುತ್ತಿದ್ದರೆ ಅವತ್ತೇ ಡಾಕ್ಟರಿಗೆ ತೋರಿಸಿ. ನೇಪಾಳದ ಭಕ್ತಪುರದಲ್ಲಿ ಹೀಗೆ ಕಣ್ಣು ಗೀರಿಸಿಕೊಂಡ ಹಳ್ಳಿ ಜನರಿಗೆ ಕ್ಲೋರಾಂಫೆನಿಕಾಲ್ 1% ಮುಲಾಮು ಹಚ್ಚಿ ನೋಡಿದ್ದರು. ಅದರ ವರದಿ 2001ರಲ್ಲಿ ಬಂತು. 18 ಗಂಟೆಯೊಳಗೆ ಬಂದು ಹಚ್ಚಿಸಿಕೊಂಡವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. ಬೇಗ ಹೋದರೆ ಅಷ್ಟು ಸಣ್ಣ ಔಷಧಿಯಲ್ಲೇ ಮುಗಿಯುತ್ತದೆ.

2. ಬೆಳಕಿನಲ್ಲಿ ಕನ್ನಡಿ ನೋಡಿ

ಎಲ್ಲ ಕೆಂಗಣ್ಣೂ ಒಂದೇ ಅಲ್ಲ. ಎರಡೂ ಕಣ್ಣು ಕೆಂಪಾಗಿ, ಬೆಳಿಗ್ಗೆ ರೆಪ್ಪೆ ಅಂಟಿಕೊಂಡು, ದೃಷ್ಟಿ ಮಾತ್ರ ಸರಿಯಾಗಿದ್ದರೆ ಅದು ಹೆಚ್ಚಾಗಿ ಮದ್ರಾಸ್ ಐ. ಇದಕ್ಕೆ ಸಾಮಾನ್ಯವಾಗಿ ಕಾರಣ ಅಡಿನೋವೈರಸ್. ಒಂದೆರಡು ವಾರದಲ್ಲಿ ತಾನಾಗಿ ಹೋಗುತ್ತದೆ, ಆಂಟಿಬಯೋಟಿಕ್ ಇದನ್ನು ಕೊಲ್ಲುವುದಿಲ್ಲ. ಟವಲ್ ಬೇರೆ ಮಾಡಿ, ಕೈ ತೊಳೆಯುತ್ತಿರಿ. ಅಂದ ಹಾಗೆ, ನೋಡಿದ ಮಾತ್ರಕ್ಕೆ ಅಂಟುವುದಿಲ್ಲ. ಅಂಟುವುದು ಕೈಯಿಂದ.

ಒಂದೇ ಕಣ್ಣು, ನೋವು, ಬೆಳಕು ನೋಡಲಾಗದು, ದೃಷ್ಟಿ ಮಂಜು, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ. ಹೀಗಿದ್ದರೆ ಅದು ಹುಣ್ಣು. ಕರಿಗುಡ್ಡೆಯ ಮೇಲಿರುವ ಪಾರದರ್ಶಕ ಪದರಕ್ಕೆ ಕಾರ್ನಿಯಾ ಅನ್ನುತ್ತಾರಲ್ಲ, ಅಲ್ಲಿ ಸೋಂಕು ಬೇರೂರಿದೆ. ಮಾಯ್ದ ಮೇಲೂ ಅಲ್ಲಿ ಕಲೆ ಉಳಿಯಬಹುದು, ಹೂ ಬಿತ್ತು ಅಂತೀವಲ್ಲ ಅದೇ. ಆದಷ್ಟು ಚಿಕ್ಕ ಕಲೆಯಲ್ಲಿ ಮುಗಿಸಬೇಕಾದರೆ ನಾಳೆ ನೋಡೋಣ ಅನ್ನುವ ಹಾಗಿಲ್ಲ.

3. ಮೆಡಿಕಲ್ ಸ್ಟೋರ್ ದಾಟಿ ಮುಂದೆ ಹೋಗಿ

"ಅಣ್ಣಾ, ಕಣ್ಣು ಕೆಂಪಾಗೈತೆ, ಒಂದು ಡ್ರಾಪ್ಸ್ ಕೊಡಣ್ಣಾ." ಈ ಒಂದು ಮಾತಿನಿಂದ ಹೋದ ಕಣ್ಣುಗಳು ಸುಮಾರಿವೆ. ಅಂಗಡಿಯವರು ಕೊಡುವುದರಲ್ಲಿ ಎಷ್ಟೋ ಸಲ ಸ್ಟೀರಾಯ್ಡ್, ಅಂದರೆ ಊತ, ಕೆಂಪು ಇಳಿಸುವ ಔಷಧಿ, ಬೆರೆತಿರುತ್ತದೆ. ಲೇಬಲ್ ಓದಿ ನೋಡಿ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್, ಲೋಟೆಪ್ರೆಡ್ನಾಲ್, ಫ್ಲೋರೋಮೆಥೋಲೋನ್, ಈ ಹೆಸರು ಕಂಡರೆ ವಾಪಸ್ ಕೊಟ್ಟುಬಿಡಿ. ಇದು ಕೆಟ್ಟ ಔಷಧಿ ಅಂತಲ್ಲ. ಪೊರೆ ಆಪರೇಷನ್ ಆದವರಿಗೆ ಇದನ್ನೇ ಕೊಡುತ್ತಾರೆ. ಆದರೆ ಫಂಗಸ್, ಅಂದರೆ ಬೂಷ್ಟಿನ ಜಾತಿಯ ಜೀವಿಯಿಂದಾದ ಹುಣ್ಣಿಗೆ ಬಿದ್ದರೆ ಕೆಂಪು, ನೋವು ಎರಡು ದಿನ ಇಳಿಯುತ್ತದೆ, ಒಳಗೆ ಫಂಗಸ್ ಹಾಯಾಗಿ ಬೆಳೆಯುತ್ತದೆ. ರೋಗಿಗೆ ವಾಸಿಯಾದ ಹಾಗೇ ಅನಿಸುತ್ತಿರುತ್ತದೆ. ಹರ್ಪಿಸ್ ವೈರಸ್‌ನ ಹುಣ್ಣಿದ್ದರೂ ಇದೇ ಪಾಡು, ಸಣ್ಣ ಗೆರೆ ಇದ್ದದ್ದು ಅಗಲವಾಗಿ ಹರಡಿಕೊಳ್ಳುತ್ತದೆ.

ಹೋದ ವರ್ಷ ಮಿಕ್ಕ ಬಾಟಲಿ, ಪಕ್ಕದ ಮನೆಯವರಿಗೆ ಬರೆದುಕೊಟ್ಟದ್ದು, ಕಿವಿಯ ಡ್ರಾಪ್ಸ್, ಇವೂ ಬೇಡ. ಕಿವಿಯ ಡ್ರಾಪ್ಸ್ ಯಾರು ಹಾಕಿಕೊಳ್ಳುತ್ತಾರೆ ಎಂದು ನಗಬೇಡಿ. ಬಾಟಲಿ ನೋಡಲು ಒಂದೇ ಥರ ಇರುತ್ತದೆ, ಕಣ್ಣು ಮೊದಲೇ ಮಂಜು.

ಈಗಾಗಲೇ ಏನಾದರೂ ಹಾಕಿದ್ದರೆ ಆ ಬಾಟಲಿಗಳನ್ನೆಲ್ಲಾ ಕವರಿನಲ್ಲಿ ಹಾಕಿಕೊಂಡು ಬನ್ನಿ. ಬೈಸಿಕೊಳ್ಳಬೇಕಾಗುತ್ತದೆ ಎಂದು ಮನೆಯಲ್ಲೇ ಬಿಟ್ಟು ಬರುವವರೇ ಹೆಚ್ಚು. ಏನು ಹಾಕಿದ್ದೀರಿ ಎಂದು ತಿಳಿಯದಿದ್ದರೆ ಮುಂದಿನ ಪರೀಕ್ಷೆಯ ಫಲಿತಾಂಶವನ್ನು ಓದುವುದೇ ಕಷ್ಟ.

4. ಕೆರೆದು ನೋಡಲು ಬಿಡಿ

ಕೋಲಾರದಲ್ಲಿ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ ಇದೆ, ಟಮಕದಲ್ಲಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇದೆ, ಬೆಂಗಳೂರಿನಲ್ಲಿ ಮಿಂಟೊ ಕಣ್ಣಿನ ಆಸ್ಪತ್ರೆ ಇದೆ. ಎಲ್ಲಿಗೆ ಹೋದರೂ ಹುಣ್ಣನ್ನು ಕೆರೆದು ಲ್ಯಾಬಿಗೆ ಕಳಿಸುವ ವ್ಯವಸ್ಥೆ ಇದೆಯೇ ಎಂದು ಕೇಳಿಕೊಳ್ಳಿ.

ಕೆರೆಯುವುದು ಎಂದ ಕೂಡಲೇ "ಬ್ಲೇಡಾ? ಬೇಡ ಸಾರ್, ಡ್ರಾಪ್ಸೇ ಬರ್ಕೊಡಿ" ಎಂದು ಕುರ್ಚಿಯಿಂದ ಏಳುವವರಿದ್ದಾರೆ. ಮೊದಲು ಮರಗಟ್ಟಿಸುವ ಡ್ರಾಪ್ಸ್ ಹಾಕುತ್ತಾರೆ. ನೋವು ಗೊತ್ತಾಗುವುದಿಲ್ಲ. ಗಲ್ಲವನ್ನು ಯಂತ್ರದ ಮೇಲಿಟ್ಟು ಅಲ್ಲಾಡದೆ ಕೂತರೆ ಕೆಲವೇ ನಿಮಿಷದ ಕೆಲಸ. ಹುಣ್ಣಿನ ಅಂಚಿನಿಂದ, ತಳದಿಂದ ತೆಗೆದ ಚೂರನ್ನು ಒಂದಿಷ್ಟು ಗಾಜಿನ ಸ್ಲೈಡಿಗೆ ಸವರುತ್ತಾರೆ, ಉಳಿದದ್ದನ್ನು ಕಲ್ಚರ್ ಪ್ಲೇಟಿನ, ಅಂದರೆ ಸೂಕ್ಷ್ಮಜೀವಿ ಬೆಳೆಸುವ ತಟ್ಟೆಯ ಮೇಲೆ ಗೀರುತ್ತಾರೆ.

ಸ್ಲೈಡಿನಿಂದ ಅವತ್ತೇ ಸುಳಿವು ಸಿಗುತ್ತದೆ. ಒಂದು ಸ್ಲೈಡಿಗೆ 10% ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬಿಡುತ್ತಾರೆ, ಲ್ಯಾಬಿನವರ ಬಾಯಲ್ಲಿ ಕೆಓಹೆಚ್. ಅದು ಕಣ್ಣಿನ ಜೀವಕೋಶಗಳನ್ನು ಕರಗಿಸುತ್ತದೆ, ಫಂಗಸ್ಸನ್ನು ಹಾಗೇ ಬಿಡುತ್ತದೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಮುರಿದ ಶಾವಿಗೆಯ ಹಾಗೆ ಎಳೆಗಳು ಅಡ್ಡಾದಿಡ್ಡಿ ಬಿದ್ದಿರುತ್ತವೆ. ಇನ್ನೊಂದು ಸ್ಲೈಡಿಗೆ ಬ್ಯಾಕ್ಟೀರಿಯಾ ಗುರುತಿಸಲು ಗ್ರಾಂ ಎಂಬ ಬಣ್ಣ. ನೇರಳೆ ಬಣ್ಣ ಹಿಡಿದು ದುಂಡಗಿದ್ದರೆ ಸ್ಟಾಫಿಲೋಕಾಕಸ್ ಅಥವಾ ನ್ಯೂಮೋಕಾಕಸ್ ಇರಬಹುದು. ಗುಲಾಬಿ ಬಣ್ಣದ ಸಣ್ಣ ಕಡ್ಡಿಗಳಾದರೆ ಸ್ಯೂಡೋಮೊನಾಸ್ ಇರಬಹುದೆಂದು ಎಲ್ಲರೂ ಚುರುಕಾಗುತ್ತಾರೆ. ಅದು ಕೆಲವೇ ದಿನಗಳಲ್ಲಿ ಕಾರ್ನಿಯಾವನ್ನು ಕರಗಿಸಿ ತೂತು ಮಾಡಬಲ್ಲದು. ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡೇ ಮಲಗುವ ಹುಡುಗ ಹುಡುಗಿಯರು ಇದನ್ನು ಎರಡು ಸಲ ಓದಿ.

ಪ್ಲೇಟಿನದು ನಿಧಾನ. ಬ್ಯಾಕ್ಟೀರಿಯಾ ಒಂದೆರಡು ದಿನದಲ್ಲಿ ಬೆಳೆಯುತ್ತದೆ. ಫಂಗಸ್ಸಿಗೆ ಕೆಲವು ದಿನ ಬೇಕು, ಏನೂ ಬರಲಿಲ್ಲವೆಂದು ಹೇಳಲು ಎರಡು ವಾರ ಕಾಯುತ್ತಾರೆ. ಪ್ಲೇಟಿನ ಮೇಲೆ ಗೀರುವುದು ಸಿ ಅಕ್ಷರದ ಆಕಾರದಲ್ಲಿ. ಅದಕ್ಕೆ ಕಾರಣವಿದೆ. ಆ ಗೀರಿನ ಮೇಲೇ ಬೆಳೆದದ್ದು ಕಣ್ಣಿನಿಂದ ಬಂದದ್ದು, ಗೀರು ಬಿಟ್ಟು ಆಚೆ ಬೆಳೆದದ್ದು ಗಾಳಿಯಿಂದ ಬಿದ್ದದ್ದು. ಗೀರಿನುದ್ದಕ್ಕೂ ಬಿಳಿ ಹತ್ತಿ ಎದ್ದಿದ್ದರೆ ಫ್ಯುಸೇರಿಯಂ ಇರಬಹುದು, ಹಸಿರು ಪುಡಿ ಕೂತಿದ್ದರೆ ಆಸ್ಪರ್ಜಿಲ್ಲಸ್. ದಕ್ಷಿಣ ಭಾರತದ ಹೊಲಗಳಿಂದ ಕಣ್ಣಿಗೆ ಬರುವ ಫಂಗಸ್‌ಗಳಲ್ಲಿ ಇವೆರಡರದೇ ಮೇಲುಗೈ.

ಕೊಳೆತ ನೀರು, ಕೆಸರು ಸಿಡಿದ ಕಣ್ಣಿನಲ್ಲಿ ಅಕಾಂತಮೀಬಾ ಎಂಬ ಅಮೀಬಾ ಸಿಗುವುದುಂಟು. ಇದನ್ನು ಬೆಳೆಸುವ ಉಪಾಯ ನನಗೆ ಬಲು ಇಷ್ಟ. ಪೋಷಕಾಂಶವೇ ಇಲ್ಲದ ಪ್ಲೇಟಿನ ಮೇಲೆ ಇ. ಕೊಲೈ ಬ್ಯಾಕ್ಟೀರಿಯಾ ಹರಡಿಡುತ್ತಾರೆ. ಅಮೀಬಾ ಅದನ್ನು ಮೇಯುತ್ತಾ ಹೋಗುತ್ತದೆ, ಹೋದ ದಾರಿ ಮೈಕ್ರೋಸ್ಕೋಪಿನಲ್ಲಿ ಕಾಣುತ್ತದೆ. ಹರ್ಪಿಸ್ ಮಾತ್ರ ಸಾಮಾನ್ಯವಾಗಿ ನೋಟದಲ್ಲೇ ಸಿಕ್ಕಿಬೀಳುತ್ತದೆ. ಫ್ಲೋರೆಸಿನ್ ಬಣ್ಣ ಹಾಕಿ ನೀಲಿ ಬೆಳಕು ಬಿಟ್ಟರೆ ಕವಲೊಡೆದ ಗೆರೆ ಹಸಿರಾಗಿ ಹೊಳೆಯುತ್ತದೆ. ಅನುಮಾನವಿದ್ದರೆ ಪಿಸಿಆರ್, ಅಂದರೆ ವೈರಸ್ಸಿನ ಡಿಎನ್‌ಎ ಹುಡುಕುವ ಪರೀಕ್ಷೆ.

5. ಜೀವಿಗೆ ತಕ್ಕ ಔಷಧಿ

ಇದು ಡಾಕ್ಟರ ಕೆಲಸ, ನಿಮ್ಮದಲ್ಲ. ನಿಮ್ಮ ಚೀಟಿ ನಿಮಗೆ ಅರ್ಥವಾಗಲಿ ಎಂದಷ್ಟೇ ಹೇಳುತ್ತೇನೆ. ಬ್ಯಾಕ್ಟೀರಿಯಾ ಆದರೆ ಮಾಕ್ಸಿಫ್ಲಾಕ್ಸಾಸಿನ್‌ನಂಥ ಆಂಟಿಬಯೋಟಿಕ್. ಹುಣ್ಣು ಜೋರಾಗಿದ್ದರೆ ಇಂಜೆಕ್ಷನ್ ಪುಡಿ ಕಲಸಿ ಆಸ್ಪತ್ರೆಯಲ್ಲೇ ತಯಾರಿಸಿದ, ಔಷಧಿಯ ಅಂಶ ಹೆಚ್ಚಿರುವ ಡ್ರಾಪ್ಸ್. ಈ ಕಲಸಿದ್ದನ್ನು ಫ್ರಿಡ್ಜಿನಲ್ಲಿ ಇಡಬೇಕು, ಫ್ರೀಜರಿನಲ್ಲಿ ಅಲ್ಲ. ಮನೆಯಲ್ಲಿ ಫ್ರಿಡ್ಜ್ ಇಲ್ಲದಿದ್ದರೆ ಮೊದಲೇ ಹೇಳಿಬಿಡಿ, ಸಂಕೋಚ ಬೇಡ.

ಫಂಗಸ್ ಆದರೆ ನಾಟಮೈಸಿನ್ 5%. ಇದಕ್ಕಿಂತ ಹೊಸತು, ದುಬಾರಿಯದು ವೋರಿಕೊನಜೋಲ್. ದುಬಾರಿಯದ್ದೇ ಒಳ್ಳೆಯದು ಎಂದು ಬರೆಸಿಕೊಳ್ಳಲು ಒತ್ತಾಯ ಮಾಡುವವರಿದ್ದಾರೆ. ಮದುರೈನ ಅರವಿಂದ್ ಆಸ್ಪತ್ರೆಯವರೂ ಸೇರಿ ಎರಡನ್ನೂ ಹೋಲಿಸಿ ನೋಡಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಗೆದ್ದದ್ದು ಹಳೆಯ ನಾಟಮೈಸಿನ್, ಅದರಲ್ಲೂ ಫ್ಯುಸೇರಿಯಂ ವಿರುದ್ಧ. ಹರ್ಪಿಸ್‌ಗೆ ಅಸೈಕ್ಲೋವಿರ್ 3% ಮುಲಾಮು, ದಿನಕ್ಕೆ 5 ಸಲ. ಅಕಾಂತಮೀಬಾಕ್ಕೆ ಪಿಹೆಚ್‌ಎಂಬಿ ಅಥವಾ ಕ್ಲೋರ್‌ಹೆಕ್ಸಿಡಿನ್, ಅದೂ ತಿಂಗಳುಗಟ್ಟಲೆ.

ಜೊತೆಗೆ ಅಟ್ರೋಪಿನ್ ಅಥವಾ ಹೋಮಾಟ್ರೋಪಿನ್ ಕೊಡುತ್ತಾರೆ. ಇದನ್ನು ಹಾಕಿದರೆ ಹತ್ತಿರದ್ದು ಮಂಜಾಗುತ್ತದೆ, ಬೆಳಕು ಚುಚ್ಚುತ್ತದೆ. "ಈ ಔಷಧಿಯಿಂದಲೇ ಕಣ್ಣು ಹೋಗ್ತಿದೆ" ಎಂದು ಇದನ್ನು ನಿಲ್ಲಿಸಿಬಿಡುತ್ತಾರೆ. ಅದು ಒಳಗಿನ ಸ್ನಾಯುವಿಗೆ ವಿರಾಮ ಕೊಟ್ಟು ನೋವು ಇಳಿಸಲು ಇರುವುದು. ನಿಲ್ಲಿಸಬೇಡಿ.

6. ಡ್ರಾಪ್ಸ್ ಹಾಕುವುದು

ಇಲ್ಲಿಯ ತನಕ ಎಲ್ಲ ಸರಿಯಾಗಿ ಬಂದವರೂ ಇಲ್ಲಿ ಎಡವುತ್ತಾರೆ. ಬಾಟಲಿ ಮನೆಗೆ ಹೋಗುತ್ತದೆ, ಔಷಧಿ ಕೆನ್ನೆಗೆ ಹೋಗುತ್ತದೆ.

ಮೊದಲು ಸೋಪು ಹಚ್ಚಿ ಕೈ ತೊಳೆಯಿರಿ. ಹಾಕುವವರ ಕೈ, ಹಾಕಿಸಿಕೊಳ್ಳುವವರದಲ್ಲ. ಮಗ ಹೊಲದಿಂದ ಬಂದವನು ಹಾಗೇ ಬಾಟಲಿ ಹಿಡಿಯುತ್ತಾನೆ. ಗೊಬ್ಬರ ಮುಟ್ಟಿದ ಕೈಯೇ ಅದು, ಅಲ್ವಾ?

ನಾಟಮೈಸಿನ್ ಆದರೆ ಬಾಟಲಿಯನ್ನು ಚೆನ್ನಾಗಿ ಕುಲುಕಿ. ಔಷಧಿ ಬಿಳಿ ಪುಡಿಯಾಗಿ ತಳದಲ್ಲಿ ಕೂತಿರುತ್ತದೆ. ಕುಲುಕದೆ ಹಾಕಿದರೆ ಮೇಲಿನ ನೀರಷ್ಟೇ ಕಣ್ಣಿಗೆ ಬೀಳುತ್ತದೆ, ತಿಂಗಳ ಕೊನೆಗೆ ತಳದಲ್ಲಿ ಔಷಧಿ ಹಾಗೇ ಇರುತ್ತದೆ. ಒಮ್ಮೆಯಲ್ಲ, ಪ್ರತಿ ಸಲವೂ ಕುಲುಕಬೇಕು.

ಕೂತು ಹಾಕಿಸಿಕೊಳ್ಳುವುದಕ್ಕಿಂತ ಮಲಗುವುದೇ ವಾಸಿ. ನಾನು ಎಲ್ಲರಿಗೂ ಮಲಗಿ ಎಂದೇ ಹೇಳುವುದು. ಕಣ್ಣು ಚಾವಣಿ ನೋಡಲಿ. "ಅಮ್ಮ, ಮೇಲೆ ನೋಡಮ್ಮ" ಎಂದು ಹೇಳಿ, ತೋರುಬೆರಳಿನಿಂದ ಕೆಳರೆಪ್ಪೆಯನ್ನು ಕೆಳಕ್ಕೆ ಎಳೆಯಿರಿ. ರೆಪ್ಪೆಗೂ ಗುಡ್ಡೆಗೂ ನಡುವೆ ಒಂದು ಸಣ್ಣ ಜೇಬು ಕಾಣುತ್ತದೆ. ಹನಿ ಬೀಳಬೇಕಾದದ್ದು ಅಲ್ಲಿಗೆ, ಕರಿಗುಡ್ಡೆಯ ನಡುವಿಗಲ್ಲ. ನೇರ ಗುಡ್ಡೆಗೆ ಬಿದ್ದರೆ ಬೆಚ್ಚಿ ಕಣ್ಣು ಮುಚ್ಚುತ್ತಾರೆ, ಮುಂದಿನ ಸಲ ರೆಪ್ಪೆಯೇ ಬಿಡುವುದಿಲ್ಲ. ಬಾಟಲಿಯನ್ನು ಪಕ್ಕದಿಂದ ತನ್ನಿ, ಒಂದು ಅಂಗುಲ ಮೇಲೆ ಹಿಡಿಯಿರಿ. ಮೂತಿ ರೆಪ್ಪೆಗೂ ಕೂದಲಿಗೂ ತಾಗಬಾರದು. ತಾಗಿದರೆ ಕಣ್ಣಿನ ಸೋಂಕು ಬಾಟಲಿಗೆ ಹೋಯಿತು, ಬಾಟಲಿಯಿಂದ ದಿನವೂ ಕಣ್ಣಿಗೆ ವಾಪಸ್.

ಒಂದೇ ಹನಿ. ಕಣ್ಣು ಹಿಡಿಯುವುದೇ ಸುಮಾರು ಒಂದು ಹನಿ. ಮೂರು ಹನಿ ಸುರಿದರೆ ಎರಡು ಕಿವಿಯ ಹತ್ತಿರ ಹರಿಯುತ್ತದೆ, ತಿಂಗಳ ಬಾಟಲಿ ಹತ್ತು ದಿನಕ್ಕೆ ಮುಗಿಯುತ್ತದೆ. ಹನಿ ಬಿದ್ದ ಮೇಲೆ ಕಣ್ಣನ್ನು ಸುಮ್ನೆ ಮುಚ್ಚಿ. ಹಿಂಡಿ ಮುಚ್ಚಬೇಡಿ, ಮಿಟುಕಿಸಬೇಡಿ. ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಒಂದೆರಡು ನಿಮಿಷ ಬೆರಳಿನಿಂದ ಮೆಲ್ಲಗೆ ಒತ್ತಿ ಹಿಡಿಯಿರಿ. ಅಲ್ಲಿರುವ ಸಣ್ಣ ಕೊಳವೆ ಮೂಗಿಗೆ ಹೋಗುತ್ತದೆ. ಗಂಟಲಲ್ಲಿ ಕಹಿ ಬಂತು ಎನ್ನುವವರು ಒತ್ತಿಲ್ಲ ಎಂದೇ ಅರ್ಥ.

ಎರಡು ಔಷಧಿ ಇದ್ದರೆ ನಡುವೆ ಐದು ನಿಮಿಷ ಬಿಡಿ. ತಕ್ಷಣ ಹಾಕಿದರೆ ಎರಡನೆಯದು ಮೊದಲನೆಯದನ್ನು ತೊಳೆದು ಹಾಕುತ್ತದೆ. ಮುಲಾಮು ಯಾವಾಗಲೂ ಕೊನೆಗೆ.

ಒಬ್ಬರೇ ಇರುವವರು ಬಾಟಲಿ ಹಿಡಿದ ಕೈಯನ್ನು ಹಣೆಗೆ ಊರಿಕೊಳ್ಳಿ, ನಡುಗುವುದಿಲ್ಲ. ಮಕ್ಕಳು ಕಣ್ಣು ಬಿಡದಿದ್ದರೆ ಜಗಳ ಬೇಡ. ಮಲಗಿಸಿ, ಮುಚ್ಚಿದ ಕಣ್ಣಿನ ಮೂಗಿನ ಕಡೆ ಮೂಲೆಗೆ ಹನಿ ಬಿಡಿ. ಕಣ್ಣು ತೆರೆದಾಗ ತಾನಾಗಿ ಒಳಗೆ ಹೋಗುತ್ತದೆ.

ಗಂಟೆಗೊಂದು ಸಲ ಎಂದು ಬರೆದಿದ್ದರೆ ಗಂಟೆಗೊಂದು ಸಲವೇ. ಮೊದಲ ಎರಡು ದಿನ ರಾತ್ರಿಯೂ ಹಾಕಲು ಹೇಳಬಹುದು. ಫೋನಿನಲ್ಲಿ ಅಲಾರಂ ಇಟ್ಟು, ಗೋಡೆಯ ಕ್ಯಾಲೆಂಡರಿನಲ್ಲಿ ಹನಿ ಹಾಕಿದಾಗೆಲ್ಲಾ ಒಂದು ಗೆರೆ ಎಳೆಯಿರಿ. ಮನೆಯಲ್ಲಿ ಹಾಕುವವರು ಯಾರೂ ಇಲ್ಲದಿದ್ದರೆ ಅಡ್ಮಿಟ್ ಮಾಡಿಕೊಳ್ಳಿ ಎಂದು ನೀವೇ ಕೇಳಿ. ಸಂಜೆ ಐದಕ್ಕೇ "ಆಯ್ತು, ನಾಳೆ" ಎನ್ನುವ ಮನೆಗಿಂತ ವಾರ್ಡೇ ಮೇಲು.

ನಾಟಮೈಸಿನ್ ಒಣಗಿ ರೆಪ್ಪೆಯ ಮೇಲೆ ಬಿಳಿಯಾಗಿ ಕಟ್ಟಿಕೊಳ್ಳುತ್ತದೆ. ಅದು ಕೀವಲ್ಲ. ಕುದಿಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ ಹೊರಗಿನಿಂದ ಒರೆಸಿ. ಕಣ್ಣಿಗೆ ಬಟ್ಟೆ, ಪಟ್ಟಿ ಕಟ್ಟಬೇಡಿ, ಒಳಗೆ ಬೆಚ್ಚಗಾದರೆ ಜೀವಿಗಳಿಗೆ ಅನುಕೂಲ. ಕಪ್ಪು ಕನ್ನಡಕ ಸಾಕು. ಪಥ್ಯದ ಬಗ್ಗೆ ಎಲ್ಲರೂ ಕೇಳುತ್ತಾರೆ. ಬದನೆಕಾಯಿಗೂ ಈ ಹುಣ್ಣಿಗೂ ಸಂಬಂಧ ಇಲ್ಲ. ಸಕ್ಕರೆ ಕಾಯಿಲೆಗೂ ಇದಕ್ಕೂ ಇದೆ, ಶುಗರ್ ಏರಿದ್ದರೆ ಹುಣ್ಣು ಮಾಯುವುದು ನಿಧಾನ.

7. ವಾಪಸ್ ತೋರಿಸಿ

ಹೇಳಿದ ದಿನಕ್ಕೆ ಹೋಗಿ. ನೋವು ಜಾಸ್ತಿಯಾದರೆ, ಬಿಳಿ ಚುಕ್ಕೆ ದೊಡ್ಡದಾದರೆ, ಕರಿಗುಡ್ಡೆಯ ಕೆಳಭಾಗದಲ್ಲಿ ಬಿಳಿಯಾಗಿ ಕೀವು ನಿಂತರೆ, ಕಣ್ಣಿನಿಂದ ಬಿಸಿ ನೀರು ದಳದಳ ಸುರಿದರೆ ಅವತ್ತೇ ಹೋಗಿ. ನೋವು ಹೋಯಿತೆಂದು ಔಷಧಿ ನಿಲ್ಲಿಸಬೇಡಿ. ಬ್ಯಾಕ್ಟೀರಿಯಾದ ಹುಣ್ಣು ಎರಡು ಮೂರು ವಾರ ತೆಗೆದುಕೊಳ್ಳಬಹುದು, ಫಂಗಸ್ಸಿನದು ಒಂದೂವರೆ ತಿಂಗಳು ಅಥವಾ ಇನ್ನೂ ಜಾಸ್ತಿ. ಬಾಟಲಿ ತೆರೆದ ದಿನವನ್ನು ಪೆನ್ನಿನಿಂದ ಲೇಬಲ್ ಮೇಲೆ ಬರೆಯಿರಿ, ತಿಂಗಳಾದ ಮೇಲೆ ಮಿಕ್ಕಿದ್ದರೂ ಎಸೆಯಿರಿ. ಆಸ್ಪತ್ರೆಯಲ್ಲಿ ಕಲಸಿಕೊಟ್ಟದ್ದು ಅಷ್ಟು ದಿನವೂ ಬಾಳುವುದಿಲ್ಲ, ಎಷ್ಟು ದಿನ ಎಂದು ಕೊಟ್ಟವರನ್ನೇ ಕೇಳಿ. ಲ್ಯಾಬ್ ರಿಪೋರ್ಟ್ ಮಾತ್ರ ಎಸೆಯಬೇಡಿ. ಬೆಂಗಳೂರಿಗೆ ಕಳಿಸಿದರೆ ಅಲ್ಲಿ ಮೊದಲು ಕೇಳುವುದೇ ಅದನ್ನು.